ಕಂಡರೂ ಪ್ರಮಾಣಿಸಿ ನೋಡು

(ವಿಜಯವಾಡದ ಗವರ್ನರ್‌ಪೇಟೆಯಲ್ಲಿ ಸೇರಿದ್ದ ಹೊರನಾಡ ಕನ್ನಡಿಗರ ಸಭೆಯಲ್ಲಿ ಮಾಡಿದ ಭಾಷಣ)



ಸುದ್ದಿ, ಭಾವನೆ ಮತ್ತು ಪುರಾವೆ ಎಂಬ ವಿಷಯವನ್ನು ಕುರಿತು ಮಾತನಾಡಬೇಕೆಂದು ತಾವು ಆಜ್ಞಾಪಿಸಿದ್ದೀರಿ. ಪತ್ರಿಕೋದ್ಯಮದ ವಿದ್ಯಾರ್ಥಿಗಳಿಗೆ ಇದು ಒಂದು ಪಾಠ. ಹೊರನಾಡಿನಲ್ಲಿ ಹೋಟೆಲು, ಅಂಗಡಿ, ನೌಕರಿ ಎಂದು ಬೇರೂರಿರುವ ನಮಗಾದರೋ ಇದು ಬದುಕಿನ ಪ್ರಶ್ನೆ. ಗಲಭೆಯ ಸುದ್ದಿ ಹಬ್ಬಿದಾಗ ಸ್ಥಳೀಯನು ಬಾಗಿಲು ಹಾಕಿಕೊಂಡು ಮನೆಯಲ್ಲಿ ಕೂರುತ್ತಾನೆ. ವಲಸೆ ಬಂದವನಿಗೆ ಇರಬೇಕೆ, ಹೊರಡಬೇಕೆ ಎಂಬ ಇನ್ನೊಂದು ಪ್ರಶ್ನೆಯೂ ಎದುರಾಗುತ್ತದೆ. ಆ ಗಳಿಗೆಯಲ್ಲಿ ಅವನು ಯಾವುದನ್ನು ನಂಬಬೇಕು?

ನಾವು ಸೇರಿರುವ ಈ ಸ್ಥಳದಿಂದ ರೈಲು ನಿಲ್ದಾಣ ದೂರವಿಲ್ಲ. ಬೆಂಗಳೂರಿನಿಂದ ಗುವಾಹಟಿಗೆ ಹೋಗುವ ರೈಲುಮಾರ್ಗ ಆ ನಿಲ್ದಾಣವನ್ನು ಹಾದೇ ಮುಂದೆ ಸಾಗುತ್ತದೆ. 2012ರ ಆಗಸ್ಟ್ ತಿಂಗಳ ನಡುವಿನಲ್ಲಿ, ಬೆಂಗಳೂರಿನಲ್ಲಿ ಕಾವಲುಗಾರರಾಗಿ, ಹೋಟೆಲು ಕೆಲಸಗಾರರಾಗಿ, ವಿದ್ಯಾರ್ಥಿಗಳಾಗಿ ಇದ್ದ ಈಶಾನ್ಯ ರಾಜ್ಯಗಳ ಜನ ಗಂಟುಮೂಟೆ ಕಟ್ಟಿಕೊಂಡು ರೈಲು ಹತ್ತಿದರು. ಕೆಲವೇ ದಿನಗಳಲ್ಲಿ ನಗರವನ್ನು ತೊರೆದವರು ಸುಮಾರು 30,000 ಮಂದಿ ಎಂಬ ಅಂದಾಜಿದೆ. ರೈಲ್ವೆಯವರು ವಿಶೇಷ ರೈಲುಗಳನ್ನೇ ಬಿಡಬೇಕಾಯಿತು. ಕೈದೂರವಾಣಿಯಲ್ಲಿ ಹರಿದಾಡಿದ ಸಂದೇಶಗಳ ಸಾರ ಇಷ್ಟೆ: ರಂಜಾನ್ ಮುಗಿಯುವುದರೊಳಗೆ, ಆಗಸ್ಟ್ 20ರೊಳಗೆ ಊರು ಬಿಡಿ, ಇಲ್ಲವಾದರೆ ಜೀವ ಉಳಿಯದು. ಜೊತೆಗೆ ಭೀಕರ ಚಿತ್ರಗಳು. ಅವುಗಳಲ್ಲಿ ಎಷ್ಟೋ ಚಿತ್ರಗಳು ಬೇರೆ ದೇಶಗಳವು, ಬೇರೆ ದುರಂತಗಳವು ಎಂದು ಬಳಿಕ ಕೇಂದ್ರ ಸರ್ಕಾರ ತಿಳಿಸಿತು. ವದಂತಿ ಹೇಳಿದ ಹತ್ಯಾಕಾಂಡ ನಡೆಯಲಿಲ್ಲ.

ಹಾಗೆಂದು ಓಡಿದವರನ್ನು ಮೂಢರೆಂದು ಹಳಿಯುವುದು ನ್ಯಾಯವಲ್ಲ. ಆ ವರ್ಷದ ಜುಲೈಯಲ್ಲಿ ಅಸ್ಸಾಮಿನ ಕೊಕ್ರಾಝಾರ್ ಸೀಮೆಯಲ್ಲಿ ರಕ್ತಪಾತವಾದದ್ದು ನಿಜ. ಸುಮಾರು 4 ಲಕ್ಷ ಜನ ಮನೆಮಠ ಕಳೆದುಕೊಂಡು ಶಿಬಿರ ಸೇರಿದ್ದೂ ನಿಜ. ಆಗಸ್ಟ್ ತಿಂಗಳಲ್ಲೇ ಮೈಸೂರಿನಲ್ಲಿ ಟಿಬೆಟನ್ ಯುವಕನೊಬ್ಬನಿಗೆ ಇರಿತವಾದ ಸುದ್ದಿಯೂ ಸುಳ್ಳಲ್ಲ. ವದಂತಿಯ ಬಲ ಇರುವುದೇ ಇಲ್ಲಿ. ಅದು ಪೂರ್ತಿ ಸುಳ್ಳಿನಿಂದ ಹುಟ್ಟುವುದಿಲ್ಲ. ಎರಡು ನಿಜಗಳ ನಡುವೆ ಒಂದು ಸುಳ್ಳನ್ನು ಹೆಣೆದು, ಅದಕ್ಕೊಂದು ಗಡುವನ್ನು ಕಟ್ಟುತ್ತದೆ. ಗಡುವು ಬಂದೊಡನೆ ವಿಚಾರಿಸುವ ವ್ಯವಧಾನ ಹೋಗುತ್ತದೆ. ಓಡಿದ ಮಾತ್ರಕ್ಕೆ ಅಪಾಯ ತಪ್ಪಿತೆಂದೂ ಹೇಳಲಾಗದು. ಗುವಾಹಟಿಯತ್ತ ಸಾಗುತ್ತಿದ್ದ ವಿಶೇಷ ರೈಲೊಂದರಲ್ಲಿ ಉತ್ತರ ಬಂಗಾಳದ ಜಲಪಾಯಿಗುಡಿಯ ಬಳಿ ಪ್ರಯಾಣಿಕರ ಮೇಲೆ ಹಲ್ಲೆಯಾಯಿತು, ಕೆಲವರನ್ನು ಗಾಡಿಯಿಂದ ಹೊರದೂಡಲಾಯಿತು, ಸತ್ತವರೂ ಇದ್ದರು.

ಆಗಸ್ಟ್ 17ರಂದು ಸರ್ಕಾರ ಒಬ್ಬರು ದಿನಕ್ಕೆ ಐದಕ್ಕಿಂತ ಹೆಚ್ಚು ಸಂದೇಶ ಕಳುಹಿಸದಂತೆ 15 ದಿನಗಳ ಮಟ್ಟಿಗೆ ನಿರ್ಬಂಧ ಹೇರಿತು. ಸಂದೇಶ ನಿಂತರೂ ನಂಬಿಕೆ ತಾನಾಗಿ ಹುಟ್ಟದು. ಮಂತ್ರಿಗಳು, ಪೊಲೀಸ್ ಅಧಿಕಾರಿಗಳು ನಿಲ್ದಾಣಕ್ಕೆ ಹೋಗಿ ಮಾತನಾಡಿದರು. ಮುಸ್ಲಿಂ ಸಂಘಟನೆಗಳ ಮುಖಂಡರು ಧೈರ್ಯ ಹೇಳಿದರು. ಮುಂದಿನ ವಾರಗಳಲ್ಲಿ ಅನೇಕರು ಹಿಂತಿರುಗಿದರು. ಬೆಂಗಳೂರಿನಲ್ಲಿ ತಮ್ಮ ಬೀದಿ ಸುರಕ್ಷಿತವೆಂದು ಖಚಿತವಾಗಿ ಹೇಳಬಲ್ಲ ಒಬ್ಬ ಪರಿಚಿತ ಮೊದಲೇ ಸಿಕ್ಕಿದ್ದರೆ, ಎಷ್ಟೋ ಕುಟುಂಬಗಳು ಕೂಲಿ ಕಳೆದುಕೊಂಡು ಎರಡು ಮೂರು ದಿನಗಳ ಆ ಪಯಣ ಮಾಡಬೇಕಾಗುತ್ತಿರಲಿಲ್ಲ.

ಭಯದ ಕಥೆ ಇದಾದರೆ, 2016ರದು ಕೋಪದ ಕಥೆ. ಕಾವೇರಿ ನೀರಿಗಾಗಿ ವಿವಾದ ಕಾವೇರಿದ್ದ ಸೆಪ್ಟೆಂಬರ್ ದಿನಗಳವು. ಬೆಂಗಳೂರಿನಲ್ಲಿ ತಮಿಳು ವಿದ್ಯಾರ್ಥಿಯೊಬ್ಬನನ್ನು ಥಳಿಸಿದ ದೃಶ್ಯ ಅಲ್ಲಿಗೆ ಹೋಯಿತು. ರಾಮೇಶ್ವರದಲ್ಲಿ ಕನ್ನಡಿಗ ಚಾಲಕನನ್ನು ಹೊಡೆದ ದೃಶ್ಯ ಇಲ್ಲಿಗೆ ಬಂತು. ವಾಹಿನಿಗಳು ಅವನ್ನೇ ಮತ್ತೆ ಮತ್ತೆ ತೋರಿಸಿದವು. 12ರಂದು ಬೆಳಗಿನ ಜಾವ ಚೆನ್ನೈಯಲ್ಲಿ ಕನ್ನಡಿಗರ ಒಡೆತನದ ಹೋಟೆಲಿನ ಮೇಲೆ ಪೆಟ್ರೋಲ್ ಬಾಂಬುಗಳು ಬಿದ್ದವು. ಅಂದು ಮಧ್ಯಾಹ್ನ ಬೆಂಗಳೂರಿನಲ್ಲಿ ತಮಿಳುನಾಡಿನ ಸಾರಿಗೆ ಸಂಸ್ಥೆಯೊಂದರ 40ಕ್ಕೂ ಹೆಚ್ಚು ಬಸ್ಸುಗಳು ಸುಟ್ಟುಹೋದವು. ಪೊಲೀಸರ ಗುಂಡಿಗೆ ಒಬ್ಬ ಬಲಿಯಾದ. ಅದೇ ದಿನ ಸುಪ್ರೀಂ ಕೋರ್ಟು 15,000 ಕ್ಯೂಸೆಕ್‌ನ ತನ್ನ ಹಿಂದಿನ ಆದೇಶವನ್ನು ತಿದ್ದಿ, ಸೆಪ್ಟೆಂಬರ್ 20ರವರೆಗೆ 12,000 ಕ್ಯೂಸೆಕ್ ಎಂದು ಹೇಳಿತ್ತು. ವಿವಾದದ ಜೀವಾಳವಾದ ಆ ಅಂಕಿಗಳನ್ನು ಬೀದಿಯಲ್ಲಿ ಯಾರೂ ಚರ್ಚಿಸಲಿಲ್ಲ.

ಆ ದೃಶ್ಯಗಳು ಕೃತಕವಲ್ಲ ಎಂಬುದನ್ನು ಗಮನಿಸಬೇಕು. ಏಟು ಬಿದ್ದದ್ದು ನಿಜ, ಹೊಡೆದದ್ದು ಅನ್ಯಾಯ. ಆದರೆ ನಾಲ್ವರು ಒಬ್ಬನನ್ನು ಹೊಡೆದರು ಎಂಬುದಕ್ಕೆ ಮಾತ್ರ ಅದು ಸಾಕ್ಷಿ. ಒಂದು ಇಡೀ ಜನಾಂಗ ನಮ್ಮ ವೈರಿ ಎಂಬುದಕ್ಕೆ ಅದು ಸಾಕ್ಷಿಯಾಗದು. ನಿಜವಾದ ಚಿತ್ರವೂ ಸುಳ್ಳು ತೀರ್ಮಾನಕ್ಕೆ ನಮ್ಮನ್ನು ಎಳೆಯಬಲ್ಲದು. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂದು ನಮ್ಮ ಹಿರಿಯರು ಗಾದೆ ಕಟ್ಟಿದ್ದು ಸುಮ್ಮನೆ ಅಲ್ಲ. 1976ರಲ್ಲಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಡಾ. ಎಚ್. ನರಸಿಂಹಯ್ಯನವರು ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿದರು. ಇದೇ ವಿಜಯವಾಡದಲ್ಲಿ ಗೋರಾ ದಂಪತಿಗಳ ನಾಸ್ತಿಕ ಕೇಂದ್ರ 1947ರಿಂದ ನೆಲೆನಿಂತಿತು. ಅವರ ತತ್ತ್ವವನ್ನು ಒಪ್ಪದವರೂ ಅವರಂತೆ ಪುರಾವೆ ಕೇಳುವುದನ್ನು ಕಲಿಯಬಹುದು.

ನಮ್ಮ ಪರೀಕ್ಷೆ ಕಾವೇರಿಯಿಂದ ಬರಲಾರದು, ಕೃಷ್ಣೆಯಿಂದ ಬಂದೀತು. ಪ್ರಕಾಶಂ ಬ್ಯಾರೇಜಿನ ಈ ಊರಿನಲ್ಲಿ ಆಲಮಟ್ಟಿ ಎಂಬ ಹೆಸರೇ ಸಾಕು, ಮಾತು ಬಿಸಿಯಾಗುತ್ತದೆ. ಬಚಾವತ್ ನ್ಯಾಯಮಂಡಳಿ ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಅವಿಭಜಿತ ಆಂಧ್ರಕ್ಕೆ 800 ಟಿಎಂಸಿ ನೀರನ್ನು ಹಂಚಿತ್ತು. ಆಲಮಟ್ಟಿಯ ಎತ್ತರದ ವಾದವೆಲ್ಲ 519.6 ಮೀಟರಿಗೂ 524.256 ಮೀಟರಿಗೂ ನಡುವಿನದು. ಗಲ್ಲಾಪೆಟ್ಟಿಗೆಯ ಮುಂದೆ ನಿಂತ ತೆಲುಗು ಗಿರಾಕಿಯೊಡನೆ ಈ ಅಂಕಿಗಳನ್ನು ಹಿಡಿದು ಮಾತನಾಡುವವನು ಸ್ನೇಹವನ್ನು ಉಳಿಸಿಕೊಳ್ಳುತ್ತಾನೆ. ಘೋಷಣೆ ಹಿಡಿದು ಮಾತನಾಡುವವನಿಗೆ ಅದು ಕಷ್ಟ. 2024ರ ಸೆಪ್ಟೆಂಬರಿನಲ್ಲಿ ಎಲ್ಲರ ಕಣ್ಣು ಬ್ಯಾರೇಜಿನ 11 ಲಕ್ಷ ಕ್ಯೂಸೆಕ್ ಪ್ರವಾಹದ ಮೇಲಿತ್ತು. ಸಿಂಗ್ ನಗರವನ್ನು ಮುಳುಗಿಸಿದ್ದು ಬುಡಮೇರು ಹಳ್ಳ. ಭೋರ್ಗರೆವ ದೃಶ್ಯ ಒಂದು ಕಡೆ, ಅಪಾಯ ಇನ್ನೊಂದು ಕಡೆ ಇರಬಹುದು.

ಭಾವನೆಯನ್ನು ತೊರೆಯಿರೆಂದು ನಾನು ಹೇಳುತ್ತಿಲ್ಲ. ಭಾವನೆ ಇಲ್ಲದಿದ್ದರೆ ಈ ಸಂಘವೇ ಇರುತ್ತಿರಲಿಲ್ಲ. ಅದು ನಮ್ಮನ್ನು ಎಚ್ಚರಿಸಲಿ, ತೀರ್ಪನ್ನು ಮಾತ್ರ ಕೊಡದಿರಲಿ. ಕಳವಳದ ಸುದ್ದಿ ಬಂದಾಗ ಕಣ್ಣಾರೆ ಕಂಡವರು ಯಾರು, ಎಲ್ಲಿ, ಯಾವ ದಿನ ಎಂದು ಕೇಳೋಣ. ಆ ಸುದ್ದಿ ನನ್ನಿಂದ ಯಾವ ಕೆಲಸವನ್ನು ಬಯಸುತ್ತಿದೆ, ಆ ಕೆಲಸಕ್ಕೆ ಇಷ್ಟು ಪುರಾವೆ ಸಾಕೆ ಎಂದು ನಮ್ಮನ್ನೇ ಕೇಳಿಕೊಳ್ಳೋಣ. ಒಂದು ದಿನ ಅಂಗಡಿ ಮುಚ್ಚುವುದಕ್ಕೆ ಸಾಕಾಗುವ ಪುರಾವೆ ಊರು ಬಿಡುವುದಕ್ಕೆ ಸಾಲದು.

ಕೊನೆಯದಾಗಿ ಸಂಘಕ್ಕೆ ಒಂದು ವಿನಂತಿ. ರಾಜ್ಯೋತ್ಸವ, ನಾಟಕ, ಹಬ್ಬಗಳ ಜೊತೆಗೆ ಇನ್ನೊಂದು ಹೊಣೆಯನ್ನು ತಾವು ಹೊರಬೇಕು. ಸಂಕಟದ ದಿನ ಪ್ರತಿ ಬಡಾವಣೆಯಿಂದಲೂ ಸತ್ಯಸಂಗತಿಯನ್ನು ತಿಳಿಸಬಲ್ಲ ಇಬ್ಬರನ್ನು ಇಂದೇ ಗೊತ್ತುಮಾಡಿ. ಅವರಲ್ಲೊಬ್ಬರು ತೆಲುಗು ನೆರೆಯವರಾಗಿರಲಿ. ಚೆನ್ನೈ, ಹೈದರಾಬಾದುಗಳ ಕನ್ನಡ ಸಂಘಗಳೊಡನೆಯೂ ಸಂಪರ್ಕವಿರಲಿ. ಕರ್ನಾಟಕದಲ್ಲಿ ನೆಲೆಸಿರುವ ತೆಲುಗರ ಬಗ್ಗೆ ಇಲ್ಲಿ ಕಟ್ಟುಕಥೆ ಹಬ್ಬಿದರೆ, ನಿಜವನ್ನು ವಿಚಾರಿಸಿ ಹೇಳುವ ಮೊದಲ ದನಿ ಈ ಸಂಘದ್ದಾಗಲಿ.