ಅವ್ವನ ಕುಬಸದ ಅಳತೆ

(ಕುರಕುಂಭದಲ್ಲಿ ಸೇರಿದ್ದ ಕನ್ನಡ ಕಾರ್ಮಿಕ ಕುಟುಂಬಗಳ ಕೂಟದಲ್ಲಿ ಹಳೆಯ ಗಿರಣಿ ಕೆಲಸಗಾರರೊಬ್ಬರು ಮಾಡಿದ ಭಾಷಣದ ಪಾಠ)



ನಮ್ಮ ಕಾರ್ಯದರ್ಶಿಗಳು ಮನೆಗೆ ಬಂದು, "ತಾವು ಹಳೆಯ ಗಿರಣಿಯವರು, 82ರ ಮುಷ್ಕರದ ಬಗ್ಗೆ ನಾಲ್ಕು ಮಾತು ಹೇಳಬೇಕು" ಎಂದು ಕೇಳಿದರು. ಮುಷ್ಕರದ ಬಗ್ಗೆ ಹೇಳುವವರು ಬೇಕಾದಷ್ಟು ಜನರಿದ್ದಾರೆ. ಮುಷ್ಕರದ ನಂತರ ನಾನು ಏನು ಮಾಡಿ ಹೊಟ್ಟೆ ಹೊರೆದೆ ಎಂಬುದನ್ನು ಹೇಳಲೇ ಎಂದೆ. ಒಪ್ಪಿದರು. ಅದು ಹೊಲಿಗೆಯ ಮಾತೆಂದು ತಿಳಿದಾಗ ಅವರ ಮುಖ ಸ್ವಲ್ಪ ಸಣ್ಣದಾಯಿತು. ಆದರೆ ಹಿಂದೆ ಕುಳಿತಿರುವ ತಾಯಂದಿರ ಮುಖ ಈಗ ಅರಳಿರುವುದನ್ನು ಅವರು ನೋಡಲಿ.

ನಮ್ಮ ಅವ್ವ ಗುಳೇದಗುಡ್ಡದ ಕಡೆಯವಳು. ಆ ಊರಿನ ಹೆಸರು ಹೇಳಿದರೆ ಕಣ ನೆನಪಿಗೆ ಬರುತ್ತದೆ. ಇಳಕಲ್ಲ ಸೀರೆ ಉಟ್ಟು ಗುಳೇದಗುಡ್ಡದ ಕಣದ ಕುಬಸ ತೊಡುವುದು ನಮ್ಮ ಬಿಜಾಪುರ ಸೀಮೆಯ ಹೆಣ್ಣುಮಕ್ಕಳ ಉಡಿಗೆ. ಇದೇ ಕಣವನ್ನು ಮರಾಠಿಯವರು 'ಖಣ' ಎನ್ನುತ್ತಾರೆ. ಇಲ್ಲಿ ಫಿರಂಗಾಯಿ ದೇವಿಯ ಗುಡಿಗೆ ಹೋಗಿ ನೋಡಿರಿ. ತೆಂಗಿನಕಾಯಿಯೊಂದಿಗೆ ಕಣವಿಟ್ಟು ದೇವಿಗೆ ಉಡಿ ತುಂಬುತ್ತಾರೆ. ದೇವಿ ಮರಾಠಿ ನಾಡಿನವಳು, ಅರಿವೆ ನಮ್ಮ ನಾಡಿನದು. ನೇಯುವವರು ಅಲ್ಲಿ, ಕೊಳ್ಳುವವರು ಇಲ್ಲಿ. ಇದು ಬಹುಕಾಲದಿಂದ ನಡೆದುಬಂದ ಸಂಬಂಧ. ಗಡಿಯ ಜಗಳ ಎಷ್ಟು ಜೋರಾದಾಗಲೂ ಕಣದ ವ್ಯಾಪಾರಕ್ಕೆ ಅದು ತಾಗಲಿಲ್ಲ.

ಅವ್ವ ಮದುವೆಯಾಗಿ ಲಾಲಬಾಗಿನ ಚಾಳಿಗೆ ಬಂದದ್ದು ಯುದ್ಧಕಾಲದಲ್ಲಿ. 1943ರಲ್ಲಿ ಸರಕಾರ ಅರಿವೆಗೂ ನೂಲಿಗೂ ಕಂಟ್ರೋಲು ಹಾಕಿತು. ಗಿರಣಿಗಳು ಸೈನ್ಯಕ್ಕೆ ಬಟ್ಟೆ ನೇಯುತ್ತಿದ್ದುವು. ಬಟ್ಟೆ ನೇಯುವವರ ಮನೆಯಲ್ಲೇ ಬಟ್ಟೆಯಿರಲಿಲ್ಲ. ಅಪ್ಪನ ಹಳೆಯ ಧೋತರದಿಂದ ಅವ್ವ ತನಗೆ ಒಳಪರಕಾರ ಹೊಲಿದುಕೊಂಡಳಂತೆ. ಪರಕಾರ ಹರಿದ ಮೇಲೆ ಅದರಲ್ಲಿ ಅಣ್ಣನಿಗೆ ಕುಂಚಿಗೆ, ಕುಂಚಿಗೆ ಹರಿದ ಮೇಲೆ ಚೂರುಗಳೆಲ್ಲ ಕೌದಿಗೆ. ನಾನು ಹುಟ್ಟುವ ಹೊತ್ತಿಗೆ ಕಂಟ್ರೋಲು ಹೋಗಿತ್ತು, ಕೌದಿ ಮಾತ್ರ ಇತ್ತು. ಅದರ ಮೇಲೆಯೇ ನಾನು ಬೆಳೆದದ್ದು.

ಅವ್ವನಿಗೆ ಇಂಚು ಗೊತ್ತಿರಲಿಲ್ಲ. ಗೇಣು, ಚೋಟು, ಬೆರಳು, ಇಷ್ಟೇ. ಹೊಸ ಕುಬಸ ಹೊಲಿಯುವಾಗ ಹಳೆಯ ಕುಬಸವನ್ನು ಅರಿವೆಯ ಮೇಲೆ ಹಾಸಿ, ಇದ್ದಿಲಿನಿಂದ ಗೆರೆ ಎಳೆದು ಕತ್ತರಿಸುತ್ತಿದ್ದಳು. ಅವಳ ಮಾದರಿಯೆಂದರೆ ಆ ಹಳೆಯ ಕುಬಸವೇ. ಅದನ್ನು ಅವಳಿಗೆ ಅವಳ ಅವ್ವ ಕೊಟ್ಟದ್ದು.

ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದಲ್ಲಿ ಸ್ಟರ್ಲಿಂಗ್ ಎಂಬ ಊರಿದೆ. ಅಲ್ಲಿಯ ಎಬೆನೆಜರ್ ಬಟ್ಟರಿಕ್ ಎಂಬ ದರ್ಜಿ 1863ರಲ್ಲಿ ಬೇರೆ ಬೇರೆ ಮೈಕಟ್ಟಿಗೆ ಬೇರೆ ಬೇರೆ ಅಳತೆಯ ಕಾಗದದ ಮಾದರಿಗಳನ್ನು ಮಾಡಿ ಮಾರತೊಡಗಿದ. ಅದಕ್ಕೆ ಮೊದಲು ಸಿಗುತ್ತಿದ್ದ ಮಾದರಿ ಸಾಮಾನ್ಯವಾಗಿ ಒಂದೇ ಅಳತೆಯದು. ತೆಳ್ಳಗಿರಲಿ ದಪ್ಪಗಿರಲಿ, ಹೊಂದಿಸಿಕೊಳ್ಳುವುದು ಹೊಲಿಯುವವರ ಪಾಡು. ಬಟ್ಟರಿಕ್ಕನ ತೆಳು ಕಾಗದ ಮನೆ ಮನೆಗೆ ಹೋಯಿತು. ಅವನ ಕಾಲದ ಹಳೆಯ ಮಾದರಿಗಳನ್ನು ಹುಡುಕಿ ಹೊಲಿಯುವುದು ಈಗ ಆ ದೇಶಗಳಲ್ಲಿ ಒಂದು ಹವ್ಯಾಸವಾಗಿದೆಯಂತೆ. ನಮಗೆ ಅಂತಹ ಕಾಗದವಿಲ್ಲ. ನಮ್ಮ ಹಳೆಯ ಮಾದರಿಗಳೆಲ್ಲ ಟ್ರಂಕಿನ ತಳದಲ್ಲಿ, ಅವ್ವಂದಿರ ಬಟ್ಟೆಯ ಗಂಟಿನಲ್ಲಿವೆ.

ಈಗ ನನ್ನ ಕಥೆ. 1982ರ ಜನವರಿ 18ರಂದು ಮುಂಬಯಿಯ ಸುಮಾರು 2.5 ಲಕ್ಷ ಗಿರಣಿ ಕೆಲಸಗಾರರು ಡಾ. ದತ್ತಾ ಸಾಮಂತರ ನೇತೃತ್ವದಲ್ಲಿ ಕೆಲಸ ನಿಲ್ಲಿಸಿದೆವು. ಆ ಮುಷ್ಕರ ಮುಗಿಯಿತೆಂದು ಯಾರೂ ವಿಧಿವತ್ತಾಗಿ ಸಾರಲಿಲ್ಲ. ಎಷ್ಟೋ ಜನ ಊರಿಗೆ ಹೋದರು. ನನ್ನ ಮನೆಯಲ್ಲಿ ಒಂದು ಕೈಮೆಷಿನ್ ಇತ್ತು. ಹೆಂಡತಿ ತವರಿನಿಂದ ತಂದದ್ದು. ನನಗೋ ಹೊಲಿಗೆ ಬಾರದು. ಮಗ್ಗದ ಮುಂದೆ 12 ವರ್ಷ ನಿಂತವನಿಗೆ ಹಾಸು-ಹೊಕ್ಕು ಗೊತ್ತು, ನೂಲು ಕಡಿದರೆ ಕಿವಿಯಿಂದಲೇ ತಿಳಿಯುತ್ತದೆ. ಆದರೆ ಕತ್ತರಿ ಹಿಡಿದರೆ ಕೈ ನಡುಗುತ್ತಿತ್ತು.

ಹತ್ತಿರದ ಹೋಟೆಲಿನ ಮಾಣಿಗಳೇ ನನ್ನ ಮೊದಲ ಗಿರಾಕಿಗಳು. ಕುಂದಾಪುರ, ಕಾರ್ಕಳದ ಕಡೆಯ ಹುಡುಗರು. "ಅಣ್ಣಾ, ಒಂದು ಪಟ್ಟಾಪಟ್ಟಿ ಚಡ್ಡಿ ಹೊಲಿದು ಕೊಡಿ" ಎಂದು ಬಂದರು. ಅಪ್ಪನ ಚಡ್ಡಿ ಇತ್ತಲ್ಲ, ಅದನ್ನೇ ಮಾದರಿ ಮಾಡೋಣವೆಂದು ಹೊಲಿಗೆ ಬಿಚ್ಚಿದೆ. ಲಾಡಿಯ ಚಡ್ಡಿ ಸುಲಭದ ಹೊಲಿಗೆ, ಅದು ಕೈಹತ್ತಿತು. ಹುರುಪು ಬಂತು. ಅಪ್ಪನ ಬಂಡಿಯನ್ನೂ ಬಿಚ್ಚಿದೆ. ಅಪ್ಪ ಸತ್ತು ಆಗ 4 ವರ್ಷವಾಗಿತ್ತು. ಹಳೆಯ ಅರಿವೆ, ಹೊಲಿಗೆಯ ಸಾಲಿನಲ್ಲೇ ಜೀರ್ಣವಾಗಿತ್ತು. ದಾರ ಎಳೆಯುತ್ತಲೇ ಬಟ್ಟೆಯೂ ಪರ್ರೆಂದು ಹರಿಯಿತು. ಮಾದರಿಯೂ ಸಿಗಲಿಲ್ಲ, ಬಂಡಿಯೂ ಉಳಿಯಲಿಲ್ಲ. ಅವ್ವ ಏನೂ ಅನ್ನಲಿಲ್ಲ. ಆ ಚೂರುಗಳನ್ನು ಮಡಿಸಿ ತನ್ನ ಗಂಟಿನಲ್ಲಿ ಇಟ್ಟುಕೊಂಡಳು. ಬೈದಿದ್ದರೆ ಮೇಲಾಗುತ್ತಿತ್ತು.

ಇದನ್ನು ಏಕೆ ಹೇಳುತ್ತೇನೆಂದರೆ, ಹಳೆಯ ಬಟ್ಟೆಯಿಂದ ಮಾದರಿ ತೆಗೆಯಲು ಅದನ್ನು ಬಿಚ್ಚಬೇಕಾಗಿಯೇ ಇಲ್ಲ. ಇದನ್ನು ನನಗೆ ಆಮೇಲೆ ಪರೇಲಿನ ಒಬ್ಬ ಮುದುಕ ದರ್ಜಿ ತೋರಿಸಿಕೊಟ್ಟ. ನೆಲದ ಮೇಲೆ ಕಂಬಳಿ ಹಾಸಿರಿ. ಅದರ ಮೇಲೆ ಹಳೆಯ ವೃತ್ತಪತ್ರಿಕೆ. (ನಮ್ಮ ಸಂಘದ ಪತ್ರಿಕೆಯೂ ಆದೀತು, ಓದಿಯಾದ ಮೇಲೆ.) ಅದರ ಮೇಲೆ ಬಟ್ಟೆಯ ಒಂದೇ ಒಂದು ಭಾಗವನ್ನು, ಬೆನ್ನಾದರೆ ಬೆನ್ನು, ತೋಳಾದರೆ ತೋಳು, ಸುಕ್ಕಿಲ್ಲದಂತೆ ಹರಡಬೇಕು. ಉಳಿದ ಭಾಗ ಮುದ್ದೆಯಾದರೂ ಚಿಂತೆಯಿಲ್ಲ. ಆಮೇಲೆ ಗುಂಡುಸೂಜಿಯಿಂದ ಹೊಲಿಗೆಯ ಸಾಲಿನುದ್ದಕ್ಕೂ ಅರ್ಧ ಇಂಚಿಗೊಂದರಂತೆ ಚುಚ್ಚುತ್ತ ಹೋಗಬೇಕು. ಸೂಜಿ ಕಾಗದವನ್ನು ದಾಟಿ ಕಂಬಳಿಗೆ ಇಳಿಯುತ್ತದೆ. ಬಟ್ಟೆಯನ್ನು ಎತ್ತಿದರೆ ಕಾಗದದ ಮೇಲೆ ತೂತುಗಳ ಸಾಲು. ಅವನ್ನು ಪೆನ್ಸಿಲಿನಿಂದ ಕೂಡಿಸಿದರೆ ಮಾದರಿ ಸಿಕ್ಕಿತು. ಬಟ್ಟೆಗೆ ಏನೂ ಆಗಿಲ್ಲ.

ಆದರೆ ಸಿಕ್ಕದ್ದು ಹೊಲಿಗೆಯ ಗೆರೆ, ಕತ್ತರಿಸುವ ಗೆರೆಯಲ್ಲ. ಅದರ ಹೊರಗೆ ಅರ್ಧ ಇಂಚು, ಪಕ್ಕೆಯ ಕಡೆ 1 ಇಂಚು ಬಿಟ್ಟು ಎರಡನೆಯ ಗೆರೆ ಹಾಕಬೇಕು. ಇದನ್ನು ಮರೆತು ಕತ್ತರಿಸಿದವರು ಹೊಲಿದಾಗ ಬಟ್ಟೆ ಮಗುವಿನ ಅಂಗಿಯಾಗುತ್ತದೆ. ಇನ್ನೊಂದು ಗುರುತು, ನೂಲಿನ ನೇರ. ಹಾಸು ಯಾವ ಕಡೆ ಹೋಗಿದೆ ಎಂದು ಹಳೆಯ ಬಟ್ಟೆಯಲ್ಲಿ ನೋಡಿ ಕಾಗದದ ಮೇಲೆ ಬಾಣ ಬರೆಯಿರಿ. ಓರೆಯಾಗಿ ಕತ್ತರಿಸಿದ ಬಟ್ಟೆ ಎರಡು ಸಲ ಒಗೆದರೆ ತಿರುಚಿಕೊಳ್ಳುತ್ತದೆ. ಗಿರಣಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊಸ ಹತ್ತಿ ಅರಿವೆಯನ್ನು ಒಂದು ರಾತ್ರಿ ನೀರಿನಲ್ಲಿ ನೆನೆಸಿ ಒಣಗಿಸಿ ಆಮೇಲೆಯೇ ಕತ್ತರಿ ಹಾಕಬೇಕು. ಅದು ಕುಗ್ಗುವುದಿದ್ದರೆ ಮೊದಲೇ ಕುಗ್ಗಲಿ. ಕಣದ ಬಣ್ಣ ಬಿಡುತ್ತದೆಯೇ ಎಂದು ಒಂದು ಮೂಲೆಯನ್ನು ಮಾತ್ರ ಒದ್ದೆ ಮಾಡಿ ನೋಡಿಕೊಳ್ಳಿರಿ.

ಇಷ್ಟೆಲ್ಲ ಗೊತ್ತಿದ್ದೂ ನಾನು ಒಮ್ಮೆ ಎರಡು ತೋಳನ್ನೂ ಎಡಗೈಗೇ ಕತ್ತರಿಸಿದೆ! ಗಿರಾಕಿಯ ಅರಿವೆ, ದೀಪಾವಳಿಯ ಮುನ್ನಾದಿನ. ಬಟ್ಟೆಯನ್ನು ಮಡಿಸಿ ಎರಡು ಪದರ ಒಟ್ಟಿಗೆ ಕತ್ತರಿಸಿದ್ದರೆ ಎಡ-ಬಲ ತಾನಾಗಿಯೇ ಬರುತ್ತಿತ್ತು. ಅರಿವೆ ಸಾಲದೆಂದು ಬಿಡಿ ಬಿಡಿಯಾಗಿ ಕತ್ತರಿಸಿದೆ, ಕಾಗದ ತಿರುವಿಹಾಕುವುದನ್ನು ಮರೆತೆ. ಅಂದಿನಿಂದ ಪ್ರತಿಯೊಂದು ಕಾಗದದ ಮೇಲೂ ಒಂದು ಮಗ್ಗುಲಿಗೆ 'ಬಲ', ಇನ್ನೊಂದು ಮಗ್ಗುಲಿಗೆ 'ಎಡ' ಎಂದು ಬರೆಯುತ್ತೇನೆ. ಆ ಅರಿವೆಯ ದುಡ್ಡನ್ನು ತೀರಿಸಲು ನನಗೆ ಎರಡು ತಿಂಗಳು ಹಿಡಿಯಿತು.

"ಅಂಗಡಿಯಲ್ಲಿ ಸಿದ್ಧ ಉಡುಪು ಅಗ್ಗವಾಗಿ ಸಿಗುವಾಗ ಈ ಕಷ್ಟವೇಕೆ?" ಎಂದು ಯುವಕರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಕಾಲರಿನ ಶರ್ಟು, ಪ್ಯಾಂಟು ಮನೆಯಲ್ಲಿ ಹೊಲಿಯಬೇಡಿರಿ. ಶ್ರಮಕ್ಕೆ ತಕ್ಕ ಲಾಭವಿಲ್ಲ, ಕಾಲರು ಸೊಟ್ಟಗಾದರೆ ನಗೆಪಾಟಲು ಬೇರೆ. ಆದರೆ ಒಳಪರಕಾರ, ಪಾಯಿಜಾಮ, ಲಾಡಿಯ ಚಡ್ಡಿ, ಮಕ್ಕಳ ಝಬಲಾ, ಕುಬಸ, ಇವು ನೇರ ಹೊಲಿಗೆಯವು. ಕಟ್‌ಪೀಸಿನಲ್ಲಿ ಆಗುತ್ತವೆ. ಈಗ ಕುಬಸದ ಹೊಲಿಗೆ ಕೂಲಿ ಎಷ್ಟೋ ಸಲ ಅರಿವೆಯ ಬೆಲೆಯನ್ನೇ ಮೀರಿಸುತ್ತದೆ, ತಾಯಂದಿರು ಬಲ್ಲರು. ಇನ್ನು ಅಗ್ಗದ ಮಾತು. ಆ ಅಗ್ಗ ಎಲ್ಲಿಂದ ಬಂತು? 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ ಕಾರ್ಖಾನೆಗಳ ಸಾವಿರಾರು ಹೆಣ್ಣುಮಕ್ಕಳು ಭವಿಷ್ಯನಿಧಿಯ ಹೊಸ ನಿಯಮದ ವಿರುದ್ಧ ಬೀದಿಗಿಳಿದರು. ಕೇಂದ್ರ ಸರಕಾರ ಆ ನಿಯಮವನ್ನು ಹಿಂದಕ್ಕೆ ತೆಗೆದುಕೊಂಡಿತು. ನಾವು ತೊಡುವ ಅಂಗಿಯ ತೋಳನ್ನು ಕೂಡಿಸಿದವರು ಅಂಥವರೇ. ಒಂದು ಕುಬಸ ಹೊಲಿದು ನೋಡಿದವನು ಆ ಕೂಲಿಯ ಲೆಕ್ಕವನ್ನು ಬೇರೆ ರೀತಿಯಲ್ಲಿ ಹಾಕುತ್ತಾನೆ.

ಕೆಲಸದ ಉಡುಪಿನ ಬಗ್ಗೆ ಒಂದು ಎಚ್ಚರಿಕೆ. ಹೋಟೆಲಿನ ಒಲೆಯ ಮುಂದೆ ನಿಲ್ಲುವವರು ಪಾಲಿಯೆಸ್ಟರ್ ತೊಡಬೇಡಿರಿ. ಹತ್ತಿಗೆ ಬೆಂಕಿ ತಗುಲಿದರೆ ಉರಿದು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಚರ್ಮಕ್ಕೆ ಅಂಟುತ್ತದೆ. ಭಟ್ಟರಿಗೆ ದಪ್ಪ ಹತ್ತಿಯ ಏಪ್ರನ್, ಮರಾಠಿಯವರು ಮಾಂಜರಪಾಟ ಎನ್ನುತ್ತಾರಲ್ಲ, ಅಂತಹ ಅರಿವೆಯದು, ಮನೆಯಲ್ಲೇ ಹೊಲಿಯಬಹುದು. ತಿರುಗುವ ಯಂತ್ರದ ಬಳಿ ಕೆಲಸ ಮಾಡುವವರಿಗೆ ಸಡಿಲ ಬಟ್ಟೆ ಕೂಡದು. 1948ರ ಫ್ಯಾಕ್ಟರಿ ಕಾಯಿದೆಯ 22ನೆಯ ಕಲಮು, ಚಲಿಸುವ ಯಂತ್ರವನ್ನು ಪರೀಕ್ಷಿಸುವ, ಎಣ್ಣೆ ಹಾಕುವ ಕೆಲಸಗಾರನಿಗೆ ಮಾಲಿಕನೇ ಮೈಗಂಟುವ ಉಡುಪು ಕೊಡಬೇಕೆಂದು ಹೇಳಿತ್ತು. ಇಲ್ಲಿಯ ಔದ್ಯೋಗಿಕ ವಸಾಹತಿನ ರಸಾಯನ ಕಾರ್ಖಾನೆಗಳಲ್ಲಿ ದುಡಿಯುವ ನಮ್ಮ ಹುಡುಗರಿಗೆ ಮನೆಯ ಹೊಲಿಗೆ ನಡೆಯದು. ಕಾರ್ಖಾನೆಯಿಂದ ರಕ್ಷಣೆಯ ಉಡುಪು ಕೇಳಿ ಪಡೆಯಿರಿ. ಅದನ್ನು ಮಕ್ಕಳ ಬಟ್ಟೆಯೊಂದಿಗೆ ಒಗೆಯಲು ಹಾಕಬೇಡಿರಿ.

ಗಂಡಸು ಹೊಲಿಗೆಗೆ ಕೂತರೆ ನಗುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಪೇಟೆಯ ದರ್ಜಿ ಗಂಡಸೇ ಅಲ್ಲವೆ? ಅವನನ್ನು ನೋಡಿ ಯಾರೂ ನಗುವುದಿಲ್ಲ. ಯಂತ್ರಗಳ ವಿಷಯದಲ್ಲಿ ಅಷ್ಟು ಬಿಗಿಯಾಗಿದ್ದ ಗಾಂಧಿಯವರು ಕೂಡ 1924ರಲ್ಲಿ ಹೊಲಿಗೆಯ ಯಂತ್ರವೊಂದಕ್ಕೆ ವಿನಾಯಿತಿ ಕೊಟ್ಟರು.

ಈಗ ನಾನು ಕುರಕುಂಭದಲ್ಲಿ ಮಗನ ಮನೆಯಲ್ಲಿದ್ದೇನೆ. ಸೊಸೆ ಉಡುಪಿ ಕಡೆಯವಳು. ಈ ವರ್ಷ ಅವಳಿಗೆ ಏಳನೆಯ ತಿಂಗಳಾಯಿತು. ಸೀಮಂತಕ್ಕೆ ನಮ್ಮಲ್ಲಿ ಹೆಸರೇ 'ಕುಬಸ'. "ಯಾರಿಗೆ ಕುಬಸ ಮಾಡಿದರು?" ಎಂದರೆ ಯಾರು ಬಸುರಿ ಎಂದೇ ಅರ್ಥ. ಕುಬಸದ ದಿನ ಅಂಗಡಿಯ ಬ್ಲೌಸು ತೊಡಿಸಲು ನನ್ನ ಹೆಂಡತಿಗೆ ಮನಸ್ಸಾಗಲಿಲ್ಲ. "ಏನ್ರೀ, ಅತ್ತೆಯವರದು ಒಂದು ಉಳದೈತಲ್ಲ" ಎಂದಳು.

ಉಳಿದದ್ದು ಅದೊಂದೇ. ಅವ್ವ ಹೋಗಿ 20 ವರ್ಷವಾಯಿತು. ಟ್ರಂಕಿನಿಂದ ತೆಗೆದಾಗ ಮಡಿಕೆಯ ಸಾಲಿನಲ್ಲಿ ಆಗಲೇ ಬಿರುಕು. ಅಪ್ಪನ ಬಂಡಿ ನೆನಪಾಯಿತು. ಬಿಚ್ಚಲಿಲ್ಲ. ಕಂಬಳಿ ಹಾಸಿ, ಒಂದು ಮಧ್ಯಾಹ್ನವೆಲ್ಲ ಕೂತು ಚುಚ್ಚಿದೆ. ಬೆನ್ನು ಒಂದು, ಮುಂಭಾಗ ಎರಡು, ತೋಳು ಎರಡು, ಬಗಲಿಗೆ ಕೂಡಿಸುವ ಚೌಕ ತುಂಡು ಎರಡು. ಆ ಚೌಕ ತುಂಡನ್ನು ಈಗಿನ ದರ್ಜಿಗಳು ಇಡುವುದಿಲ್ಲ. ಅದಿದ್ದರೆ ಕೈ ಮೇಲೆತ್ತಿದಾಗ ಕುಬಸ ಜಗ್ಗುವುದಿಲ್ಲ. ಬೀಸುವ, ಕುಟ್ಟುವ ಹೆಂಗಸರ ಹೊಲಿಗೆ ಅದು.

ಅವ್ವನ ಎದೆಯಳತೆ 30 ಇಂಚು, ಸೊಸೆಯದು 36. ಹೆಚ್ಚಿಸಬೇಕಾದ 6 ಇಂಚನ್ನು ನಾಲ್ಕು ಪಾಲು ಮಾಡಿದರೆ ಪಾಲಿಗೆ ಒಂದೂವರೆ. ಅಷ್ಟನ್ನೂ ಪಕ್ಕೆಯಲ್ಲೇ ಕೂಡಿಸಿದರೆ ಬಗಲು ಜೋತುಬೀಳುತ್ತದೆ. ಮುಕ್ಕಾಲು ಇಂಚು ಪಕ್ಕೆಗೆ ಕೊಟ್ಟೆ. ಉಳಿದ ಮುಕ್ಕಾಲಿಗೆ ಕಾಗದವನ್ನು ಕೆಳಗಿನಿಂದ ಹೆಗಲಿನವರೆಗೆ ಸೀಳಿ, ಹೆಗಲಿನಲ್ಲಿ ಹರಿಯದಂತೆ ಉಳಿಸಿ, ಎದೆಯ ಗೆರೆಯಲ್ಲಿ ಬೇಕಾದಷ್ಟು ಬೀಸಣಿಗೆಯಂತೆ ಅಗಲಿಸಿ ಹಿಂದಿನಿಂದ ಇನ್ನೊಂದು ಕಾಗದ ಅಂಟಿಸಿದೆ. ತೋಳನ್ನೂ ಚೌಕವನ್ನೂ ಅದಕ್ಕೆ ತಕ್ಕಂತೆ ಹಿಗ್ಗಿಸಿದೆ. ಮೊದಲು ಹಳೆಯ ಧೋತರದಲ್ಲಿ ಕಚ್ಚಾ ಹೊಲಿಗೆ ಹಾಕಿ ತೊಡಿಸಿ ನೋಡಿದೆವು. ಕಣದ ಪನ್ನ ಚಿಕ್ಕದು, ಒಂದರಲ್ಲಿ ಆಗಲಿಲ್ಲ. ಎರಡು ಕಣ ತರಿಸಿದೆವು. ಕಣದ ದಡಿ ತೋಳಿನ ಅಂಚಿಗೇ ಬರಬೇಕು, ಅದು ಅವ್ವನ ಕಟ್ಟುನಿಟ್ಟು.

ಕುಬಸದ ದಿನ ಸೊಸೆ ಅದನ್ನು ತೊಟ್ಟು, ಎರಡೂ ಕೈ ಮೇಲೆತ್ತಿ, "ಮಾವ, ಇದು ಎಲ್ಲೂ ಎಳೆಯುವುದೇ ಇಲ್ಲ ಮಾರಾಯರೆ" ಎಂದಳು. ಎಡದ ತೋಳು ಅರ್ಧ ಬೆರಳು ಉದ್ದವಾಗಿತ್ತು. ಅದನ್ನು ನನ್ನ ಹೆಂಡತಿ ಮಾತ್ರ ಗಮನಿಸಿದಳು.

ಆ ಕಾಗದಗಳನ್ನು ಇಲ್ಲಿಗೆ ತಂದಿದ್ದೇನೆ, ಮೇಜಿನ ಮೇಲಿವೆ. 30ರದು ಒಂದು, 36ರದು ಒಂದು. ಬೇಕಾದವರು ನಕಲು ಮಾಡಿಕೊಳ್ಳಬಹುದು. ಬರುವ ಭಾನುವಾರ ಮಧ್ಯಾಹ್ನ ನಮ್ಮ ಮನೆಗೆ ಬಂದರೆ ಚುಚ್ಚುವುದನ್ನು ತೋರಿಸುತ್ತೇನೆ. ಗುಂಡುಸೂಜಿ ನೀವೇ ತನ್ನಿರಿ, ನನ್ನ ಬಳಿ ಇರುವುದು ಒಂದೇ ಡಬ್ಬಿ. ನಿಮ್ಮ ಅವ್ವಂದಿರ, ಅಜ್ಜಿಯಂದಿರ ಹಳೆಯ ಕುಬಸ ಯಾವುದಾದರೂ ಮನೆಯಲ್ಲಿದ್ದರೆ ಅದನ್ನೂ ತನ್ನಿರಿ. ಬಿಚ್ಚಬೇಡಿರಿ.