ಮುತ್ತುಗದ ಹೂವಿನ ಷರಬತ್ತು

(ಯುಗಾದಿಗೆ ಮುಂಚೆ ಒಂದು ಸಂಜೆ ಗ್ರಾಮದ ಚಾವಡಿಯಲ್ಲಿ ರೈತರೊಬ್ಬರು ಆಡಿದ ಮಾತುಗಳು)



ಈ ಸಂಜೆ ನಾನು ಗೊಬ್ಬರದ ವಿಷಯವನ್ನಾಗಲಿ ಬೀಜದ ವಿಷಯವನ್ನಾಗಲಿ ಹೇಳಲು ನಿಂತಿಲ್ಲ. ನಿಮ್ಮ ಬದುವಿನ ಮೇಲೆಯೇ ನಿಂತಿರುವ ಒಂದು ಮರದ ವಿಷಯ ಹೇಳಬೇಕೆಂದಿದ್ದೇನೆ. ಶಿವರಾತ್ರಿ ಕಳೆದು, ನಮ್ಮ ಬಯಲುಸೀಮೆಯ ಹೊಲಗಳೆಲ್ಲ ಬೋಳಾಗಿ, ದನಗಳಿಗೆ ಹಸುರು ಹುಲ್ಲಿನ ಎಸಳೂ ಸಿಕ್ಕದ ಕಾಲದಲ್ಲಿ, ಎಲೆಯೆಲ್ಲ ಉದುರಿಸಿಕೊಂಡು ಮೈತುಂಬ ಕೆಂಡ ಹೊತ್ತಂತೆ ನಿಲ್ಲುವ ಮುತ್ತುಗವನ್ನು ತಾವೆಲ್ಲರೂ ನೋಡಿದ್ದೀರಿ. ಅದರ ಎಲೆಯಲ್ಲಿ ಉಂಡಿದ್ದೀರಿ. ಆದರೆ ಅದರ ಹೂವಿನ ಷರಬತ್ತು ಕುಡಿದವರು ಇಲ್ಲಿ ಎಷ್ಟು ಮಂದಿ? ಯಾರೂ ಕೈ ಎತ್ತಲಿಲ್ಲ. ಮೂರು ವರ್ಷದ ಹಿಂದೆ ಕೇಳಿದ್ದರೆ ನಾನೂ ಎತ್ತುತ್ತಿರಲಿಲ್ಲ.

ನನ್ನ ಹೊಲಕ್ಕೂ ನನ್ನ ಗೆಳೆಯನ ಹೊಲಕ್ಕೂ ನಡುವೆ ಇರುವ ಬದುವಿನ ಮೇಲೆ ಮೂರು ಮುತ್ತುಗದ ಮರಗಳಿವೆ. ಅವು ಯಾರ ಮರಗಳೆಂಬುದು ನಮ್ಮ ತಂದೆಯವರ ಕಾಲದಲ್ಲೂ ತೀರ್ಮಾನವಾಗಿರಲಿಲ್ಲ. ತೀರ್ಮಾನವಾಗಬೇಕಾದ ಪ್ರಮೇಯವೂ ಇರಲಿಲ್ಲ. ಟ್ರಾಕ್ಟರು ಬಂದ ಮೇಲೆ ಆ ಪ್ರಮೇಯ ಬಂತು. ತಿರುಗಿಸುವುದಕ್ಕೆ ಅಡ್ಡ, ನೆರಳಿಗೆ ರಾಗಿ ಏಳುವುದಿಲ್ಲ, ಕಡಿಸಿಬಿಡೋಣ ಎಂದನು ಅವನು. ನಾನು ಒಪ್ಪಲಿಲ್ಲ. ಒಪ್ಪದಿರಲು ದೊಡ್ಡ ಕಾರಣವೇನೂ ಇರಲಿಲ್ಲ. ನಮ್ಮ ತಾಯಿ ಆ ಮರದ ಕೆಳಗೆ ಕುಳಿತು ಎಲೆ ಹಚ್ಚುತ್ತಿದ್ದಳು, ಅಷ್ಟೆ. ಮಾತಿಗೆ ಮಾತು ಬೆಳೆದು ಒಂದು ಸುಗ್ಗಿ ಪೂರ್ತಿ ಇಬ್ಬರೂ ಮಾತು ಬಿಟ್ಟೆವು. ಚಿಕ್ಕಂದಿನಿಂದ ಒಟ್ಟಿಗೆ ದನ ಕಾಯ್ದವರು, ಒಂದೇ ಬದುವಿನ ಎರಡು ಕಡೆ ಮುಖ ತಿರುಗಿಸಿಕೊಂಡು ಒಕ್ಕಣೆ ಮಾಡಿದೆವು.

ಅಷ್ಟರಲ್ಲಿ ಅವನ ಮಗ ಜಾರ್ಖಂಡದ ಕಡೆ ಕೆಲಸಕ್ಕೆ ಹೋಗಿದ್ದವನು ಊರಿಗೆ ಬಂದ. ಅಲ್ಲಿ ಮುತ್ತುಗವೇ ರಾಜ್ಯದ ಹೂವು. ಬೇಸಗೆಯಲ್ಲಿ ಆ ಹೂವನ್ನು ನೆನೆಸಿ ಷರಬತ್ತು ಮಾಡಿ ಕುಡಿಯುತ್ತಾರೆ, ತಾನೂ ಕುಡಿದೆ ಎಂದು ತಂದೆಗೆ ಹೇಳಿದನಂತೆ. ಮರುದಿನ ಬೆಳಗಿನ ಜಾವ ನನ್ನ ಹಟ್ಟಿಯ ಮುಂದೆ ಯಾರೋ ಕೆಮ್ಮಿದ ಹಾಗಾಯಿತು. ನೋಡಿದರೆ ಗೆಳೆಯ, ಕೈಯಲ್ಲಿ ಮಂಕರಿ, ಹೆಗಲ ಮೇಲೆ ಹಳೆಯ ದುಪ್ಪಟಿ. "ಹೂ ಆರಿಸೋಕೆ ಬರ್ತೀಯೇನೋ? ಮರ ಹೆಂಗೂ ಕಡಿಯೋದೇ. ಕೊನೇ ಹೂವ ಕುಡಿದಾದರೂ ನೋಡಾನ" ಎಂದ. ನಾನು ಚಪ್ಪಲಿ ಮೆಟ್ಟಿ ಹೊರಟೆ.

ಹೂವನ್ನು ಕೀಳಬೇಕಾಗಿಲ್ಲ, ದೋಟಿಯಿಂದ ರೆಂಬೆ ಎಳೆದು ಮುರಿಯಲಂತೂ ಬಾರದು. ಹೊತ್ತು ಹುಟ್ಟುವ ಮುಂಚೆ ಮರದ ಕೆಳಗೆ ಬಟ್ಟೆ ಹಾಸಿ ಕುಳಿತರೆ ಸಾಕು. ಗೊರವಂಕ, ಕಾಗೆ, ಸೂರಕ್ಕಿ, ಅಳಿಲು ಎಲ್ಲವೂ ಮಕರಂದಕ್ಕೆ ಬರುತ್ತವೆ. ಅವುಗಳ ಗಲಾಟೆಗೆ ತಾಜಾ ಹೂವು ತಾನಾಗಿ ಉದುರುತ್ತದೆ. ಹಿಂದಿನ ದಿನ ಬಿದ್ದು ಕಂದಿದ ಹೂವು ಬೇಡ. ಮರದ ಮೇಲಿರುವುದನ್ನು ಜೇನಿಗೂ ಹಕ್ಕಿಗೂ ಬಿಡಿ. ಅವು ಬಂದು ಹೋದರೆ ತಾನೆ ಕಾಯಿ ಕಟ್ಟುವುದು? ಅದರಲ್ಲೂ ಒಂದು ಕಾಯಿಗೆ ಒಂದೇ ಬೀಜ. ಆ ಬೀಜವನ್ನು ಯಾರೂ ಬಾಯಿಗೆ ಹಾಕಬಾರದು, ನಮಗೆ ಬೇಕಾದುದು ಹೂವಿನ ದಳ ಮಾತ್ರ. ಔಷಧ ಸಿಂಪಡಿಸಿದ ಹೊಲದ ಬದುವಿನದು, ರಸ್ತೆಯ ಧೂಳು ಕುಡಿದದ್ದು ಬೇಡ. ಮೀಸಲು ಅರಣ್ಯದೊಳಕ್ಕೆ ಕೇಳದೆ ಹೋಗಬೇಡಿ.

ಹೂವಿನ ದಳ ಗಿಳಿಯ ಕೊಕ್ಕಿನಂತೆ ಬಾಗಿರುತ್ತದೆ. ಅದಕ್ಕೇ ಸಂಸ್ಕೃತದಲ್ಲಿ ಕಿಂಶುಕ, 'ಇದೇನು ಗಿಳಿಯೋ?' ಎಂದು ಹೆಸರು. ಪರಿಮಳ ಮಾತ್ರ ಇಲ್ಲ. ರೂಪವಿದ್ದು ಗುಣವಿಲ್ಲದವರನ್ನು ಇದಕ್ಕೆ ಹೋಲಿಸುವುದುಂಟು. ಕುಡಿದು ನೋಡದೆ ಹೋಲಿಸಿದರೆಂದು ಕಾಣುತ್ತದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಅಂದು ಗೆಳೆಯನ ಮೊಮ್ಮಗನೂ ನಮ್ಮೊಡನೆ ಬಂದಿದ್ದ. ಹುಡುಗ ಹುರುಪಿನಿಂದ ಪಕ್ಕದ ತೋಟದ ಬೇಲಿಯವರೆಗೂ ಹೋಗಿ ಒಂದು ಮಡಿಲು ಕೆಂಪು ಹೂವು ತಂದು ಮಂಕರಿಗೆ ಸುರಿದ. ನೋಡಿದರೆ ಅದು ಹಾಲಿವಾಣದ ಹೂವು! ಅದೂ ಇದೇ ಕಾಲದಲ್ಲಿ ಎಲೆ ಉದುರಿಸಿ ಹೂ ಬಿಡುತ್ತದೆ, ಅದರ ಎಲೆಯೂ ಮುತ್ತುಗದ ಹಾಗೆ ಮೂರು ಮೂರು. ಆದರೆ ಹಾಲಿವಾಣದ ಕೊಂಬೆಯಲ್ಲಿ ಮುಳ್ಳಿರುತ್ತದೆ, ಅದರ ಬೀಜದಲ್ಲಿ ವಿಷದ ಅಂಶವಿದೆ. ಮುತ್ತುಗಕ್ಕೆ ಮುಳ್ಳಿಲ್ಲ, ಹೂವಿನ ಬುಡದಲ್ಲಿ ಮಕಮಲ್ಲಿನಂಥ ಕಪ್ಪು ತೊಟ್ಟಿರುತ್ತದೆ. ನಾವು ಇಡೀ ಮಂಕರಿಯನ್ನೇ ತಿಪ್ಪೆಗೆ ಸುರಿದು, ಮರುದಿನ ಮತ್ತೆ ಹೋಗಿ ಆರಿಸಿದೆವು. ಮಕ್ಕಳನ್ನು ಕರೆದುಕೊಂಡು ಹೋಗಿ, ಆದರೆ ಅವರು ತಂದದ್ದನ್ನು ಒಂದೊಂದಾಗಿ ನೋಡಿಕೊಳ್ಳಿ. ಬೇಲಿಯ ಕಣಗಿಲೆ ಹೂವಂತೂ ವಿಷವೇ, ಅದನ್ನು ಮುಟ್ಟಲೂ ಬಿಡಬೇಡಿ.

ಆ ವರ್ಷ ನಾವು ಮಾಡಿದ ಷರಬತ್ತು ಕೆಟ್ಟಿತು. ತಪ್ಪು ನನ್ನದೇ. ಗೆಳೆಯ ತಂದ ಸಕ್ಕರೆಯಲ್ಲಿ ಅರ್ಧ ಉಳಿಸಿ, ಒಂದು ಲೀಟರು ಹೂವಿನ ನೀರಿಗೆ ಅರ್ಧ ಕಿಲೋ ಸಾಕೆಂದೆ. ಗಾಜಿನ ಸೀಸೆಗಳಿಗೆ ತುಂಬಿ, ಬಿರಡೆಯನ್ನು ಬಿಗಿಯಾಗಿ ಹೊಡೆದು, ಅವನ ಮನೆಯ ನಡುಮನೆಯ ಗೂಡಿನಲ್ಲಿಟ್ಟೆವು. ಹತ್ತು ದಿನ ಕಳೆದಿರಬಹುದು, ನಡುರಾತ್ರಿಯಲ್ಲಿ ಢಮಾರ್ ಎಂದು ಸದ್ದಾಯಿತಂತೆ. ಸೀಸೆ ಒಡೆದು ಗಾಜಿನ ಚೂರು ಎದುರು ಗೋಡೆಯವರೆಗೂ ಹಾರಿದ್ದವು. ಆ ಗೋಡೆಯ ಬುಡದಲ್ಲಿ ದಿನವೂ ಮಲಗುತ್ತಿದ್ದ ಮೊಮ್ಮಗ, ಸೆಖೆಯೆಂದು ಅಂದು ಜಗಲಿಗೆ ಹೋಗಿ ಮಲಗಿದ್ದ. ಬೆಳಗ್ಗೆ ಅವನ ಚಾಪೆಯ ಜಾಗದಿಂದ ಗೆಳೆಯ ಚೂರುಗಳನ್ನು ಆಯುತ್ತಿದ್ದುದನ್ನು ನಾನು ನೋಡಿದೆ. ಅವನು ನನ್ನನ್ನು ಒಂದು ಮಾತೂ ಬಯ್ಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು.

ಸಕ್ಕರೆ ಕಡಿಮೆಯಾದರೆ ಅದು ಹುಳಿಯುತ್ತದೆ, ಒಳಗೆ ಅನಿಲ ಹುಟ್ಟುತ್ತದೆ, ದಾರಿ ಕಾಣದೆ ಸೀಸೆಯನ್ನು ಸಿಡಿಸುತ್ತದೆ. ನೂರು ಭಾಗ ಷರಬತ್ತಿನಲ್ಲಿ 65 ಭಾಗದಷ್ಟು ಸಕ್ಕರೆಯಿದ್ದರೆ ಹುಳಿ ಹಿಡಿಸುವ ಸೂಕ್ಷ್ಮಜೀವಿಗಳಿಗೆ ಬೆಳೆಯುವುದು ಕಷ್ಟ. ಆದುದರಿಂದ ತಾಯಂದಿರು ಈ ಅಳತೆಯನ್ನು ಮನಸ್ಸಿನಲ್ಲಿಡಬೇಕು. ಕಪ್ಪು ತೊಟ್ಟನ್ನೂ ಒಳಗಿನ ಎಳೆಗಳನ್ನೂ ತೆಗೆದುಹಾಕಿ. ತೊಟ್ಟು ಬಿಟ್ಟರೆ ಒಗರಾಗುತ್ತದೆ. ಮೂರು ಬೊಗಸೆ ದಳಗಳನ್ನು ತೊಳೆದು, ಮುಕ್ಕಾಲು ಲೀಟರು ಕುದಿಯುವ ನೀರು ಸುರಿದು, ಮುಚ್ಚಿ, ರಾತ್ರಿಯೆಲ್ಲ ಬಿಡಿ. ಸ್ಟೀಲಿನ ಪಾತ್ರೆಯಾಗಲಿ, ನಿಂಬೆ ಬೀಳುವುದರಿಂದ ತಾಮ್ರ, ಹಿತ್ತಾಳೆ ಬೇಡ. ಬೆಳಗ್ಗೆ ಎರಡು ಪದರ ಬಟ್ಟೆಯಲ್ಲಿ ಶೋಧಿಸಿ, ಮೂರು ನಿಂಬೆಹಣ್ಣಿನ ರಸವೂ ಸೇರಿ ಸರಿಯಾಗಿ ಅರ್ಧ ಲೀಟರು ಅಳೆದುಕೊಳ್ಳಿ. ನಿಂಬೆ ಬಿದ್ದೊಡನೆ ಬಣ್ಣ ತಿಳಿಹಳದಿಗೆ ತಿರುಗುತ್ತದೆ, ಕೆಟ್ಟಿತೆಂದು ಗಾಬರಿಯಾಗಬೇಡಿ. ಇದೇ ನೀರಿಗೆ ಸುಣ್ಣ ಬೆರೆಸಿದರೆ ಬಣ್ಣ ಕೆಂಪೇರುತ್ತದೆ. ಹಿಂದೆ ಓಕುಳಿಗೆ ಈ ಹೂವಿನ ಬಣ್ಣವನ್ನು ಬಳಸುತ್ತಿದ್ದರಲ್ಲವೆ?

ಆ ಅರ್ಧ ಲೀಟರಿಗೆ ಒಂದು ಕಿಲೋ ಸಕ್ಕರೆ ಹಾಕಿ, ಕರಗಿಸಿ, ಐದು ನಿಮಿಷ ಕುದಿಸಿ, ಮೇಲೆ ಬಂದ ನೊರೆ ತೆಗೆದು, ನಾಲ್ಕು ಏಲಕ್ಕಿ ಜಜ್ಜಿ ಹಾಕಿ. ಪರಿಮಳ ಏಲಕ್ಕಿಯದು, ನಿಂಬೆಯದು; ಹೂವು ಕೊಡುವುದು ಬಣ್ಣವನ್ನೂ ಒಂದು ಸಣ್ಣ ಒಗರನ್ನೂ. ಮತ್ತೊಮ್ಮೆ ಶೋಧಿಸಿ, ನೀರಿನಲ್ಲಿ ಕುದಿಸಿದ ಸೀಸೆಗೆ ಬಿಸಿಯಾಗಿರುವಾಗಲೇ ತುಂಬಿ. ಸೀಸೆಯೂ ಬಿಸಿಯಾಗಿರಬೇಕು, ಇಲ್ಲವಾದರೆ ಬಿರುಕು ಬಿಡುತ್ತದೆ. ಪ್ಲಾಸ್ಟಿಕ್ ಸೀಸೆ ಬೇಡ. ತಂಪಿನ ಜಾಗದಲ್ಲಿಟ್ಟು ಒಂದು ತಿಂಗಳೊಳಗೆ ಮುಗಿಸಿ. ಗುಳ್ಳೆಯೋ ಬೂಷ್ಟೋ ಕಂಡರೆ ಚೆಲ್ಲಿಬಿಡಿ. ಒಂದು ಪಾಲಿಗೆ ನಾಲ್ಕೈದು ಪಾಲು ತಣ್ಣೀರು ಬೆರೆಸಿ ಕುಡಿಯುವುದು. ಬಸುರಿಯರೂ ಎಳೆಯ ಕೂಸುಗಳೂ ಇದನ್ನು ಕುಡಿಯದಿರುವುದು ಒಳ್ಳೆಯದು, ಸಕ್ಕರೆ ಕಾಯಿಲೆಯವರಿಗಂತೂ ಬೇಡವೇ ಬೇಡ. ಇದು ಯಾವ ರೋಗಕ್ಕೂ ಮದ್ದೆಂದು ನಾನು ಹೇಳುತ್ತಿಲ್ಲ.

ಬೆಲ್ಲ ಆಗದೆ ಎಂದು ಕೇಳುತ್ತೀರಿ. ಅಂದಂದೇ ಕುಡಿಯುವುದಾದರೆ ರಾಮನವಮಿಯ ಪಾನಕದ ಹಾಗೆ ಬೆಲ್ಲವೇ ರುಚಿ. ಬಣ್ಣ ಮಂಕಾಗುತ್ತದೆ, ಹೆಚ್ಚು ದಿನ ಇಡಲಾಗದು. ಮಾರುವ ಯೋಚನೆಯಿದ್ದವರು 2006ರ ಆಹಾರ ಸುರಕ್ಷತಾ ಕಾಯಿದೆಯಂತೆ ಮೊದಲು ನೋಂದಣಿ ಮಾಡಿಸಿಕೊಳ್ಳಬೇಕು.

ಎರಡನೆಯ ವರ್ಷ ಸಕ್ಕರೆಯನ್ನು ನಾನೇ ತಂದೆ, ತೂಗಿದವನು ಗೆಳೆಯ. ಒಂದು ಸೀಸೆಯೂ ಕೆಡಲಿಲ್ಲ. ಈ ವರ್ಷವೂ ಮೂರು ಮರಗಳೂ ಹೂ ಬಿಟ್ಟಿವೆ. ಟ್ರಾಕ್ಟರು ತಿರುಗುವ ಕಡೆ ಒಂದು ಮರವಾದರೂ ಹೋಗಬೇಕೆಂದು ಅವನು ಈಗಲೂ ಹೇಳುತ್ತಾನೆ. ಯಾವ ಮರವೆಂದು ಕೇಳಿದರೆ, ಹೂವು ಮುಗಿಯಲಿ, ಹೇಳುತ್ತೇನೆ ಎನ್ನುತ್ತಾನೆ. ಹೋದ ವರ್ಷವೂ ಹೀಗೆಯೇ ಹೇಳಿದ್ದ.

ಚಾವಡಿಯ ಹಿಂದೆ ಅವನೇ ಕೊಳಗದಲ್ಲಿ ಷರಬತ್ತು ಕಲಸಿಟ್ಟುಕೊಂಡು ಕಾಯುತ್ತಿದ್ದಾನೆ. ನೂಕಾಡದೆ ಸಾಲಾಗಿ ಬನ್ನಿ, ಮೊದಲು ಮಕ್ಕಳಿಗೆ ಬಿಡಿ.