ಹೆಸರು ಕೇಳದೆ ಊರು ಕೇಳಿದವರು

(ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳ ಯುವಕ ಯುವತಿಯರು ಸೇರಿ ಚಳ್ಳಕೆರೆಯಲ್ಲಿ ಏರ್ಪಡಿಸಿದ್ದ ಕವಿಗೋಷ್ಠಿಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)

 

ಆಫ್ರಿಕಾದ ಜನರ ವಲಸೆ, ಅವರ ಗುರುತು ಮತ್ತು ಮರಳುವಿಕೆ ಬಾಯಿಮಾತಿನ ಕಾವ್ಯದಲ್ಲಿ ಹೇಗೆ ಮೂಡಿದೆ ಎಂಬ ಬಗ್ಗೆ ಮಾತಾಡಬೇಕೆಂದು ಸಂಘಟಕರು ನಮಗೆ ಸೂಚಿಸಿದ್ದಾರೆ. ಶೇಂಗಾ ಎಣ್ಣೆಯ ಮಿಲ್ಲುಗಳ ಚಳ್ಳಕೆರೆಗೂ ರೇಷ್ಮೆ ಸೀರೆಯ ಮೊಳಕಾಲ್ಮೂರಿಗೂ ಆಫ್ರಿಕಾಕ್ಕೂ ಏನು ಸಂಬಂಧ ಎಂದು ಕೆಲವರಿಗಾದರೂ ಅನಿಸಿರಬಹುದು. ಸಂಬಂಧವಿದೆ. ಅದನ್ನು ಹೇಳಲು ನಾವು ಮೊಳಕಾಲ್ಮೂರು ತಾಲ್ಲೂಕಿನ ಒಂದು ಬಂಡೆಯಿಂದಲೇ ಆರಂಭಿಸುತ್ತೇವೆ.

ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರಗಳಲ್ಲಿರುವ ಅಶೋಕನ ಶಾಸನಗಳು 1892ರಲ್ಲಿ ಬಿ.ಎಲ್. ರೈಸ್ ಅವರಿಂದ ಬೆಳಕಿಗೆ ಬಂದವು. ಶಾಲಾ ಮಕ್ಕಳು ಪ್ರವಾಸ ಬಂದು ನೋಡಿ ಹೋಗುತ್ತಾರೆ. ಆದರೆ ಶಾಸನದ ಕೊನೆಯಲ್ಲಿರುವ ಒಂದು ಪದವನ್ನು ಗಮನಿಸುವವರು ಕಡಿಮೆ. ಇಡೀ ಶಾಸನ ಬ್ರಾಹ್ಮಿ ಲಿಪಿಯಲ್ಲಿದೆ. ಬರೆದವನು ಚಪಡ ಎಂಬ ಲಿಪಿಕಾರ. ತನ್ನ ವೃತ್ತಿಯನ್ನು ಸೂಚಿಸುವ ಕೊನೆಯ ಪದವನ್ನು ಮಾತ್ರ ಆತ ಖರೋಷ್ಠಿ ಲಿಪಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಖರೋಷ್ಠಿಯು ಗಾಂಧಾರ ಸೀಮೆಯ ಲಿಪಿ, ಅಂದರೆ ಇಂದಿನ ಪಾಕಿಸ್ತಾನ-ಅಫ್ಘಾನಿಸ್ತಾನಗಳ ಕಡೆಯದು. ಆತ ಆ ಕಡೆಯಿಂದ ಬಂದವನು ಅಥವಾ ಅಲ್ಲಿ ಅಕ್ಷರ ಕಲಿತವನು ಎಂದು ವಿದ್ವಾಂಸರು ಅಭಿಪ್ರಾಯಪಡುತ್ತಾರೆ. ಸುಮಾರು ಎರಡು ಸಾವಿರದ ಇನ್ನೂರು ವರ್ಷಗಳ ಹಿಂದೆ ದೂರದ ನಾಡಿನ ಲಿಪಿ ಬಲ್ಲವನೊಬ್ಬ ಈ ನೆಲದ ಬಂಡೆಯ ಮೇಲೆ ದೊರೆಯ ಮಾತನ್ನು ದೊರೆಯ ಲಿಪಿಯಲ್ಲಿ ಬರೆದು, ತನ್ನ ಗುರುತನ್ನು ತನ್ನ ಲಿಪಿಯಲ್ಲಿ ಉಳಿಸಿ ಹೋಗಿದ್ದಾನೆ. ಪರಸ್ಥಳದಲ್ಲಿ ಬದುಕುವ ಮನುಷ್ಯನ ಹಂಬಲವೆಲ್ಲ ಆ ಒಂದು ಪದದಲ್ಲಿದೆ.

ಬರೆಯಲು ಬಾರದವರು ಏನು ಮಾಡುತ್ತಾರೆ? ಅವರು ಹಾಡುತ್ತಾರೆ. ಇದನ್ನು ಚಳ್ಳಕೆರೆಯವರಿಗೆ ವಿವರಿಸಬೇಕಾಗಿಲ್ಲ. ಅಕ್ಷರ ಬಾರದ ಸಿರಿಯಜ್ಜಿ ಸಾವಿರಾರು ಪದಗಳನ್ನು ನಾಲಿಗೆಯ ಮೇಲಿಟ್ಟುಕೊಂಡು ಬದುಕಿದ್ದು ಇದೇ ತಾಲ್ಲೂಕಿನ ಗೊಲ್ಲರಹಟ್ಟಿಯಲ್ಲಿ. ಮ್ಯಾಸಬೇಡರು ದೇವರ ಎತ್ತುಗಳೊಂದಿಗೆ ಎಲ್ಲಿಂದ ಹೊರಟರು, ಯಾವ ಹಳ್ಳ ದಾಟಿದರು, ಎಲ್ಲಿ ನೆಲೆ ನಿಂತರು ಎಂಬುದನ್ನು ಇಲ್ಲಿನ ಕಥನಗೀತಗಳು ಕಾಪಾಡಿಕೊಂಡು ಬಂದಿವೆ. ಇಂದು ನಗರಗಳಲ್ಲಿ ‘ಸ್ಪೋಕನ್ ವರ್ಡ್’ ಎಂಬ ಹೆಸರಿನಲ್ಲಿ ಯುವಕರು ವೇದಿಕೆಯೇರಿ ಹೇಳುವ ಕವಿತೆ ಹೊಸದೆಂದು ತೋರಬಹುದು. ಅದರ ಬೇರು ಮಾತ್ರ ಇಂತಹ ಹಟ್ಟಿಗಳಲ್ಲಿದೆ, ಆಫ್ರಿಕಾದ ಹಳ್ಳಿಗಳಲ್ಲಿದೆ, ಅರೇಬಿಯಾದ ಮರುಭೂಮಿಯಲ್ಲಿದೆ.

ಸಹೋದರರೇ, ಈಗ ನಮ್ಮದೇ ಒಂದು ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಳ್ಳಬೇಕಾಗಿದೆ. ನಾವು ಮದ್ರಸದಲ್ಲಿ ಓದುತ್ತಿದ್ದಾಗ ಹಳಿಯಾಳದ ಕಡೆಯ ಸಿದ್ದಿ ಹುಡುಗನೊಬ್ಬ ನಮ್ಮ ಜೊತೆಗಿದ್ದ. ಕಪ್ಪು ಮೈಬಣ್ಣ, ಗುಂಗುರು ಕೂದಲು, ಎದೆ ತುಂಬುವಂತಹ ಕಂಠ. ಅವನು ಅಝಾನ್ ಕೊಟ್ಟರೆ ಬೀದಿಯಲ್ಲಿ ಹೋಗುವವರು ನಿಂತು ಕೇಳುತ್ತಿದ್ದರು. ನಾವೆಲ್ಲರೂ ಅವನನ್ನು ‘ಬಿಲಾಲ್’ ಎಂದು ಕರೆಯತೊಡಗಿದೆವು. ಗೌರವ ಕೊಡುತ್ತಿದ್ದೇವೆ ಎಂದೇ ನಮ್ಮ ನಂಬಿಕೆಯಾಗಿತ್ತು. ಮೂರನೆಯ ವರ್ಷ ಒಂದು ಸಂಜೆ ವುಝೂ ಮಾಡುತ್ತ ಅವನು ಮೆಲ್ಲಗೆ ಹೇಳಿದ: ‘ಹಝ್ರತ್ ಬಿಲಾಲ್ ಮೇಲೆ ನನಗೂ ಪ್ರೀತಿ ಇದೆ. ಆದರೆ ನಮ್ಮ ಅಬ್ಬಾ ನನಗೂ ಒಂದು ಹೆಸರಿಟ್ಟಿದ್ದಾರೆ.’ ನಮ್ಮಲ್ಲಿ ಅನೇಕರಿಗೆ ಆ ಹೆಸರು ಗೊತ್ತೇ ಇರಲಿಲ್ಲ. ಬಂದ ದಿನವೇ ‘ನಿನ್ನ ಊರು ಯಾವುದು, ಆಫ್ರಿಕಾದವನೇ?’ ಎಂದು ಕೇಳಿದ್ದೆವು. ಹೆಸರು ಕೇಳಿರಲಿಲ್ಲ.

ಇಸ್ಲಾಮಿನ ಚರಿತ್ರೆ ಓದುವ ಹುಡುಗರು ನಾವು ಹೀಗೆ ಮಾಡಿದೆವು ಎಂಬುದು ನಾಚಿಕೆಯ ವಿಷಯ. ಏಕೆಂದರೆ ಮುಸ್ಲಿಮರು ಮೊದಲು ಆಶ್ರಯ ಬೇಡಿ ಹೋದದ್ದೇ ಆಫ್ರಿಕಾಕ್ಕೆ. ಕ್ರಿ.ಶ. 615ರ ಸುಮಾರಿಗೆ ಮಕ್ಕಾದ ಹಿಂಸೆ ತಾಳಲಾರದೆ ಒಂದು ಗುಂಪು ಕಡಲು ದಾಟಿ ಅಬಿಸೀನಿಯ ಸೇರಿತು. ಅವರನ್ನು ಹಿಡಿದು ತರಲು ಕುರೈಶರ ದೂತರು ಉಡುಗೊರೆಗಳೊಂದಿಗೆ ಬೆನ್ನಟ್ಟಿದರು. ಕ್ರೈಸ್ತ ದೊರೆ ನಜ್ಜಾಶಿ ಎರಡೂ ಕಡೆಯ ಮಾತು ಕೇಳಿದ. ಜಅಫರ್ ಬಿನ್ ಅಬೂತಾಲಿಬ್(ರ) ಎದ್ದು ನಿಂತು ತಾವು ಯಾರು, ಏಕೆ ಬಂದೆವು ಎಂದು ವಿವರಿಸಿ, ಮರ್ಯಮ್ ಅಧ್ಯಾಯವನ್ನು ಪಠಿಸಿದರು. ಅವರ ಕೈಯಲ್ಲಿ ಬೇರೆ ಯಾವ ದಾಖಲೆಯೂ ಇರಲಿಲ್ಲ. ನಾಲಿಗೆಯ ಮೇಲಿನ ಮಾತೇ ಅವರ ಗುರುತಿನ ಚೀಟಿಯಾಯಿತು. ನಜ್ಜಾಶಿ ಅವರನ್ನು ಒಪ್ಪಿಸಲಿಲ್ಲ. ಹತ್ತಕ್ಕೂ ಹೆಚ್ಚು ವರ್ಷ ಆ ನೆಲದ ಅನ್ನ ಉಂಡು ಜಅಫರ್(ರ) ಮದೀನಾಕ್ಕೆ ಬಂದದ್ದು ಹಿಜರಿ 7ರಲ್ಲಿ.

ಅದಕ್ಕೂ ಹಿಂದೆ, ಅಜ್ಞಾನ ಕಾಲದ ಅರೇಬಿಯಾದಲ್ಲಿ ಅಂತರ ಬಿನ್ ಶದ್ದಾದ್ ಎಂಬ ಕವಿಯಿದ್ದ. ತಾಯಿ ಅಬಿಸೀನಿಯದ ದಾಸಿ. ಆದ್ದರಿಂದ ತಂದೆ ಅವನನ್ನು ಬಹುಕಾಲ ಮಗನೆಂದು ಒಪ್ಪಲಿಲ್ಲ. ಅಂತಹ ಕಪ್ಪು ಕವಿಗಳನ್ನು ಅರಬರು ಕಾಗೆಗಳೆಂದು ಕರೆದರು. ಆದರೆ ಅಂತರನ ಕಾವ್ಯ ಅರಬಿಯ ಶ್ರೇಷ್ಠ ಏಳು ಕಾವ್ಯಗಳಲ್ಲಿ ಒಂದಾಯಿತು. ಇಂದಿಗೂ ಅರಬಿ ಸಾಹಿತ್ಯ ಓದುವವರು ಅದನ್ನು ಓದದೆ ಮುಂದೆ ಹೋಗುವಂತಿಲ್ಲ. ಪ್ರವಾದಿವರ್ಯರ(ಸ) ಸಂಗಾತಿಯೊಬ್ಬರು ಒಮ್ಮೆ ಸಿಟ್ಟಿನಲ್ಲಿ ಮತ್ತೊಬ್ಬರನ್ನು ತಾಯಿಯ ಹೆಸರೆತ್ತಿ ಹೀಯಾಳಿಸಿದಾಗ, ಅಜ್ಞಾನ ಕಾಲದ ಗುಣ ನಿಮ್ಮಲ್ಲಿ ಇನ್ನೂ ಉಳಿದಿದೆ ಎಂದು ಪ್ರವಾದಿ(ಸ) ಎಚ್ಚರಿಸಿದರು. ಹಾಗೆ ಅವಮಾನಿತರಾದವರು ಬಿಲಾಲ್(ರ) ಎಂದು ವ್ಯಾಖ್ಯಾನಕಾರರು ಹೇಳುತ್ತಾರೆ. ಭಾಷೆ ಮತ್ತು ಬಣ್ಣಗಳ ವೈವಿಧ್ಯವನ್ನು ಕುರ್‌ಆನ್ ಅಲ್ಲಾಹನ ನಿದರ್ಶನಗಳ ಸಾಲಿನಲ್ಲಿಟ್ಟಿದೆ. ಬಣ್ಣವನ್ನು ಹೀಯಾಳಿಸುವವನು ನಿದರ್ಶನವನ್ನೇ ಹೀಯಾಳಿಸುತ್ತಾನೆ.

ನಮ್ಮ ದಖ್ಖನಿಗೆ ಬರೋಣ. ಇಥಿಯೋಪಿಯದಲ್ಲಿ ಸುಮಾರು 1548ರಲ್ಲಿ ಹುಟ್ಟಿದ ಚಾಪು ಎಂಬ ಬಾಲಕ ಗುಲಾಮನಾಗಿ ಮಾರಲ್ಪಟ್ಟು, ಕೈಯಿಂದ ಕೈಗೆ ಸಾಗಿ, ಬಾಗ್ದಾದಿನ ಮೂಲಕ ಅಹ್ಮದ್‌ನಗರಕ್ಕೆ ಬಂದ. ಒಡೆಯನೊಬ್ಬ ಅವನಿಗೆ ‘ಅಂಬರ್’ ಎಂದು ಹೊಸ ಹೆಸರಿಟ್ಟ. ಆ ಮಲಿಕ್ ಅಂಬರ್ ಮುಂದೆ ಮೊಗಲರನ್ನು ದಶಕಗಳ ಕಾಲ ತಡೆದ, ಔರಂಗಾಬಾದ್ ಆಗಿ ಬೆಳೆದ ಖಡ್ಕಿ ನಗರವನ್ನು ಕಟ್ಟಿದ, 1626ರಲ್ಲಿ ತೀರಿಕೊಂಡ. ಬಿಜಾಪುರದಲ್ಲಿ ಹಬಶಿ ವಜೀರರಿದ್ದರು. ಬಳ್ಳಾರಿಯ ಆಚೆಯ ಆದವಾನಿಯನ್ನು ಆಳಿದವನು ಸಿದ್ದಿ ಮಸೂದ್ ಖಾನ್. ಅವನು ಕಟ್ಟಿಸಿದ ಜಾಮಿಯಾ ಮಸೀದಿಯಲ್ಲಿ ಇಂದಿಗೂ ನಮಾಝ್ ನಡೆಯುತ್ತಿದೆ. ಇವರ ಹೆಸರುಗಳನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ. ಆದರೆ ಸೇನಾಪತಿಯಾಗದ, ವಜೀರನಾಗದ ಸಾವಿರಾರು ಜನರ ಕಥೆ ಏನಾಯಿತು?

ಅವರಲ್ಲಿ ಅನೇಕರು ಪೋರ್ಚುಗೀಸರ ಹಡಗುಗಳಲ್ಲಿ ಮೊಝಾಂಬಿಕ್ ಮುಂತಾದ ಕಡೆಗಳಿಂದ ಗೋವಾಕ್ಕೆ ಬಂದವರು. ಒಡೆಯರ ಚಾವಟಿಯಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಡೆಗಳಲ್ಲಿರುವ ಸಿದ್ದಿಗಳು ಅವರ ಮಕ್ಕಳು. ಅವರಲ್ಲಿ ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ, ಮುಸ್ಲಿಮರಿದ್ದಾರೆ. ಆಫ್ರಿಕಾದ ಭಾಷೆ ಅವರ ನಾಲಿಗೆಯಿಂದ ಅಳಿಯಿತು. ಕೊಂಕಣಿ, ಉರ್ದು, ಕನ್ನಡ ಬಂದವು. ಆದರೆ ಡಮಾಮಿಯ ಚರ್ಮವಾದ್ಯ ಉಳಿಯಿತು, ಅದರ ಸುತ್ತ ಕುಳಿತು ಹಾಡುವ ಪದಗಳು ಉಳಿದವು. ಗುಜರಾತಿನ ಸಿದ್ದಿಗಳು ತಮ್ಮ ಕುಣಿತವನ್ನು ‘ಗೋಮ’ ಎನ್ನುತ್ತಾರೆ. ಅದು ಪೂರ್ವ ಆಫ್ರಿಕಾದ ಸ್ವಾಹಿಲಿಯಲ್ಲಿ ಡೋಲಿಗೂ ಕುಣಿತಕ್ಕೂ ಇರುವ ‘ಙೋಮ’ ಎಂಬ ಪದವೇ. ಹೆಸರು, ಭಾಷೆ, ಊರು ಎಲ್ಲವನ್ನೂ ಕಳೆದುಕೊಂಡ ಜನ ಒಂದು ಪದವನ್ನು ಬಾಯಿಂದ ಬಾಯಿಗೆ ದಾಟಿಸಿ ಇಲ್ಲಿಯವರೆಗೆ ತಂದಿದ್ದಾರೆ.

ನಾಡು ಅವರಲ್ಲಿ ಕಂಡದ್ದೇನು? 1987ರಲ್ಲಿ ಕ್ರೀಡಾ ಪ್ರಾಧಿಕಾರವು ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿ ಕೊಡಲು ತೊಡಗಿತು. ಆಫ್ರಿಕಾದ ಮೂಲದವರಾದ್ದರಿಂದ ಓಟದಲ್ಲಿ ಪದಕ ತಂದಾರೆಂಬ ಲೆಕ್ಕಾಚಾರ. ಕೆಲವೇ ವರ್ಷಗಳಲ್ಲಿ ಆ ಯೋಜನೆ ನಿಂತಿತು. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆತದ್ದು 2003ರಲ್ಲಿ. ಧಾರವಾಡ, ಬೆಳಗಾವಿ ಜಿಲ್ಲೆಗಳಲ್ಲಿರುವ ಅವರ ಬಂಧುಗಳು 2020ರವರೆಗೆ ಕಾಯಬೇಕಾಯಿತು. ಅದೇ 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. 2021ರಲ್ಲಿ ‘ಸಲಗ’ ಚಿತ್ರದ ಒಂದು ಹಾಡಿನ ಮೂಲಕ ಸಿದ್ದಿ ಗಾಯಕರ ದನಿ ಮನೆಮನೆಗೆ ತಲುಪಿತು, ಮಕ್ಕಳೆಲ್ಲ ಕುಣಿದರು. ಸಂತೋಷವೇ. ಆದರೆ ಓಟಕ್ಕೆ ಕಾಲು ಬೇಕು, ಕುಣಿತಕ್ಕೆ ಹಾಡು ಬೇಕು ಎನ್ನುವ ಸಮಾಜ, ಅವರು ತಮ್ಮ ಬದುಕಿನ ಬಗ್ಗೆ ಹೇಳುವ ಮಾತನ್ನೂ ಕುಳಿತು ಕೇಳಬೇಕಲ್ಲವೇ?

ಇನ್ನು ಮರಳುವಿಕೆಯ ಪ್ರಶ್ನೆ. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷ್ ನೌಕಾಪಡೆ ಗುಲಾಮರ ಹಡಗುಗಳಿಂದ ಬಿಡಿಸಿದ ಆಫ್ರಿಕದ ಮಕ್ಕಳಲ್ಲಿ ಕೆಲವರು ಮುಂಬಯಿಗೆ ಬಂದರು, ನಾಸಿಕದ ಮಿಷನ್ ಶಾಲೆಯಲ್ಲಿ ಬೆಳೆದರು. 1875ರ ಸುಮಾರಿಗೆ ಮೊಂಬಾಸಾ ಬಳಿ ಫ್ರೆರೆಟೌನ್ ಎಂಬ ನೆಲೆ ಸ್ಥಾಪನೆಯಾದಾಗ ಅವರಲ್ಲಿ ಹಲವರನ್ನು ಅಲ್ಲಿಗೆ ಕಳುಹಿಸಲಾಯಿತು. ತಾಯ್ನೆಲಕ್ಕೆ ಮರಳಿದ ಅವರಿಗೆ ಅಲ್ಲಿ ಬಿದ್ದ ಹೆಸರು ‘ಬಾಂಬೆ ಆಫ್ರಿಕನ್ನರು’. ಇಲ್ಲಿದ್ದಾಗ ಆಫ್ರಿಕದವರು, ಅಲ್ಲಿಗೆ ಹೋದಾಗ ಬಾಂಬೆಯವರು! ಮೂಲಕ್ಕೆ ಹಿಂದಿರುಗಿದರೆ ಎಲ್ಲವೂ ಸರಿಹೋಗುತ್ತದೆ ಎನ್ನುವವರು ಈ ಚರಿತ್ರೆಯನ್ನು ಓದಬೇಕು.

ಸೊಮಾಲಿಯಾದವರ ಅನುಭವವೂ ಇಂತಹದ್ದೇ. ಅವರ ಭಾಷೆಗೆ ಅಧಿಕೃತ ಲಿಪಿ ದೊರೆತದ್ದೇ 1972ರಲ್ಲಿ. ಅದಕ್ಕೂ ಮೊದಲು ಕವಿತೆಯೇ ಅವರ ಪತ್ರಿಕೆ, ಅವರ ನ್ಯಾಯಸಭೆ. ಯುದ್ಧ ಅವರನ್ನು ಚದುರಿಸಿದಾಗ ಕವಿತೆಗಳು ಕ್ಯಾಸೆಟ್ಟುಗಳಲ್ಲಿ ದೇಶದಿಂದ ದೇಶಕ್ಕೆ ಹೋದವು. ಸೊಮಾಲಿ ತಂದೆತಾಯಿಗೆ ಕೆನ್ಯಾದಲ್ಲಿ ಹುಟ್ಟಿ ಲಂಡನ್ನಿನಲ್ಲಿ ಬೆಳೆದ ವಾರ್ಸನ್ ಶೈರ್ 2013ರಲ್ಲಿ ಆ ನಗರದ ಮೊದಲ ಯುವ ಆಸ್ಥಾನ ಕವಿಯಾದರು. ಮನೆ ತೊರೆಯುವವರ ಕುರಿತು ಅವರು ಬರೆದ ಕವಿತೆಯನ್ನು ನಿರಾಶ್ರಿತರ ಸಭೆಗಳಲ್ಲಿ ಜನ ಎದ್ದು ನಿಂತು ಓದುತ್ತಾರೆ. ಇವರೆಲ್ಲರ ಪಾಲಿಗೆ ಕವಿತೆಯೇ ಮರಳುವ ದಾರಿ. ಯಲ್ಲಾಪುರದ ಸಿದ್ದಿಯೂ ಆಫ್ರಿಕಾಕ್ಕೆ ಟಿಕೇಟು ಕೇಳುತ್ತಿಲ್ಲ. ಉಳುವ ಕಾಡುಭೂಮಿಗೆ ಹಕ್ಕುಪತ್ರ, ಮಗಳಿಗೆ ಶಾಲೆ, ಬಸ್ಸಿನಲ್ಲಿ ಗೌರವದ ಸೀಟು ಕೇಳುತ್ತಿದ್ದಾನೆ. ಅವನಿಂದ ಕಿತ್ತುಕೊಂಡ ಮಾನ ಅವನು ನಿಂತಲ್ಲಿಗೆ ಮರಳಿ ಬರಬೇಕು. ಅವನ ಪಾಲಿಗೆ ಮರಳುವಿಕೆ ಎಂದರೆ ಅದು.

ಸಹೋದರ ಸಹೋದರಿಯರೇ, ‘ನಿಮ್ಮ ದೇಶಕ್ಕೆ ಹೋಗಿ’ ಎಂಬ ಮಾತು ಈ ಸಭೆಗೆ ಅಪರಿಚಿತವೇ? ‘ಪಾಕಿಸ್ತಾನಕ್ಕೆ ಹೋಗಿ’ ಎಂಬುದನ್ನು ಕೇಳದ ಮುಸ್ಲಿಮ್ ಯುವಕ ಇಲ್ಲಿದ್ದಾನೆಯೇ? ಆ ಮಾತನ್ನಾಡುವವರನ್ನು ಮೊಳಕಾಲ್ಮೂರಿನ ಬಂಡೆಯ ಬಳಿಗೆ ಕರೆದೊಯ್ದು ಚಪಡನ ಕೊನೆಯ ಪದವನ್ನು ತೋರಿಸಬೇಕು. 2020ರ ಜನವರಿಯಲ್ಲಿ ಕೊಪ್ಪಳದ ಕವಿ ಸಿರಾಜ್ ಬಿಸರಳ್ಳಿಯವರು ಆನೆಗೊಂದಿ ಉತ್ಸವದ ಕವಿಗೋಷ್ಠಿಯಲ್ಲಿ ದಾಖಲೆ ಕೇಳುವವರನ್ನು ಕುರಿತು ಕವಿತೆ ಓದಿದರು. ಅದಕ್ಕಾಗಿ ಅವರ ಮೇಲೆ ಮೊಕದ್ದಮೆ ಬಿತ್ತು. ವೇದಿಕೆಯಲ್ಲಿ ಹೇಳಿದ ಕವಿತೆಗೆ ಎಷ್ಟು ಬಲವಿದೆ ಎಂಬುದನ್ನು ಅದರಿಂದ ತಿಳಿಯಬಹುದು.

ಆದರೆ ನ್ಯಾಯದ ಮಾತು ಮನೆಯಿಂದ ಆರಂಭವಾಗಬೇಕು. 2016ರಲ್ಲಿ ಬೆಂಗಳೂರಿನಲ್ಲಿ ಒಬ್ಬ ಸುಡಾನಿ ವಿದ್ಯಾರ್ಥಿಯ ಕಾರು ಅಪಘಾತ ಮಾಡಿತೆಂದು, ಅದಕ್ಕೆ ಸಂಬಂಧವೇ ಇರದ ಟಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಹಲ್ಲೆ ಮಾಡಿತು. ಅವಳು ಕಪ್ಪಗಿದ್ದಳು, ಗುಂಪಿಗೆ ಅಷ್ಟೇ ಸಾಕಾಯಿತು. ಅದನ್ನು ಖಂಡಿಸುವ ನಾವು ನಮ್ಮ ಮನೆಗಳಲ್ಲಿ ಏನು ಮಾಡುತ್ತಿದ್ದೇವೆ? ಶುಕ್ರವಾರ ಬಿಲಾಲರ(ರ) ಕಥೆ ಕೇಳಿ ಕಣ್ಣೊರೆಸಿಕೊಂಡು ಬಂದವರು, ಭಾನುವಾರ ಸಂಬಂಧ ನೋಡಲು ಹೋಗಿ ‘ಹುಡುಗಿ ಸ್ವಲ್ಪ ಕಪ್ಪು’ ಎಂದು ಎದ್ದು ಬರುವುದಿಲ್ಲವೇ? ಇದೇ ಸೀಮೆಯಲ್ಲಿ ಹತ್ತಿ ಎಕ್ಕಿ, ಹಾಸಿಗೆ ಹೊಲಿದು ಬದುಕಿದ ಪಿಂಜಾರ ಸಹೋದರರಿದ್ದಾರೆ. ಅವರಲ್ಲಿ ಅನೇಕರ ಮನೆಮಾತು ಕನ್ನಡ ಅಥವಾ ತೆಲುಗು. ಉರ್ದು ಬಾರದೆಂಬ ಒಂದೇ ಕಾರಣಕ್ಕೆ ಅವರ ಮುಸ್ಲಿಮತನವನ್ನು ಶಂಕಿಸಿದವರು ನಮ್ಮಲ್ಲಿಲ್ಲವೇ? ನಮ್ಮನ್ನು ಪರಕೀಯರೆನ್ನುವವರ ಮಾತು ಚುಚ್ಚುತ್ತದೆ. ಅದೇ ಮುಳ್ಳನ್ನು ನಾವು ಮತ್ತೊಬ್ಬರಿಗೆ ಚುಚ್ಚುವಾಗ ನೋವು ಕಾಣುವುದಿಲ್ಲ.

ಯುವ ಕವಿಗಳಲ್ಲಿ ನಮ್ಮ ಬಿನ್ನಹ ಇಷ್ಟೇ. ಸಿದ್ದಿಗಳ ಬಗ್ಗೆ ಕವಿತೆ ಬರೆಯುವ ಆತುರ ಬೇಡ. ಮುಂದಿನ ಗೋಷ್ಠಿಗೆ ಹಳಿಯಾಳ, ಯಲ್ಲಾಪುರಗಳಿಂದ ಅವರನ್ನೇ ಕರೆಯಿರಿ. ಕುಣಿಸಲು ಕರೆಯಬೇಡಿ, ಮಾತಾಡಲು ಕರೆಯಿರಿ. ಸಿರಿಯಜ್ಜಿಯ ಹಟ್ಟಿಯ ಹೆಣ್ಣುಮಕ್ಕಳನ್ನೂ ಪಿಂಜಾರ ಹಿರಿಯರನ್ನೂ ಅದೇ ಸಾಲಿನಲ್ಲಿ ಕೂರಿಸಿರಿ. ನಿಮ್ಮ ಅಜ್ಜಿ ಬೀಸುವಾಗ ಹೇಳುತ್ತಿದ್ದ ಪದಗಳನ್ನು ಮೊಬೈಲಿನಲ್ಲಾದರೂ ಹಿಡಿದಿಡಿರಿ. ಮಸೀದಿಯ ಕಮಿಟಿಯವರಲ್ಲಿ ಒಂದು ಮಾತು: ಬಣ್ಣ ನೋಡಿ ಮುರಿದ ಸಂಬಂಧಗಳ ಬಗ್ಗೆ ಒಂದು ಶುಕ್ರವಾರವಾದರೂ ಖುತ್ಬಾ ಆಗಲಿ.

ಕಡೆಯದಾಗಿ ನಮ್ಮ ಆ ಸಹಪಾಠಿಯ ವಿಷಯ. ಈ ಭಾಷಣ ಸಿದ್ಧಪಡಿಸುವಾಗ ಅನೇಕ ವರ್ಷಗಳ ನಂತರ ಅವನಿಗೆ ಫೋನ್ ಮಾಡಿದೆವು. ಈಗ ಅವನು ತನ್ನೂರಿನ ಮಕ್ಕಳಿಗೆ ಕುರ್‌ಆನ್ ಕಲಿಸುತ್ತಾನೆ. ನಾವು ಅವನ ಅಬ್ಬಾ ಇಟ್ಟ ಹೆಸರಿನಿಂದ ಸಲಾಮ್ ಹೇಳಿದೆವು. ಆ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲ. ಬಳಿಕ ಅವನು ನಗುತ್ತಾ ‘ಇಷ್ಟು ದಿನಕ್ಕಾದರೂ ಕೇಳಿ ತಿಳಿದುಕೊಂಡಿರಲ್ಲ’ ಎಂದ. ಆ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಮುಂದಿನ ಗೋಷ್ಠಿಗೆ ನೀವು ಕರೆದರೆ ಬರುತ್ತೇನೆ ಎಂದಿದ್ದಾನೆ. ಅವನೇ ಈ ಮೈಕಿನ ಮುಂದೆ ನಿಂತು ತನ್ನ ಹೆಸರು ಹೇಳಲಿ.

ಪರಸ್ಪರ ಹೆಸರು ಕೇಳಿ ಅರಿತುಕೊಳ್ಳುವ ಬುದ್ಧಿಯನ್ನು ಅಲ್ಲಾಹನು ನಮ್ಮೆಲ್ಲರಿಗೂ ದಯಪಾಲಿಸಲಿ. ಆಮೀನ್.